ಅಂಜೂರದ ಹೆಸರು, ಹೆಬ್ಬಾತಿನ ನೋವು

‘ಕೊಬ್ಬರಿ ಎಣ್ಣೆ’ ಎನ್ನುವಾಗ ಆ ಮಾತಿನೊಳಗೆ ಎಳ್ಳು ಅಡಗಿದೆಯೆಂದು ನಾವು ನೆನೆಯುವುದಿಲ್ಲ. ಎಳ್ಳಿನ ನೆಯ್ಯೇ ಎಣ್ಣೆಯಾಯಿತು. ಎಳ್ಳು ಮರೆತುಹೋಗಿ ಹೆಸರು ಉಳಿಯಿತು. ಕನ್ನಡ ಪಾಠ ಹೇಳುವ ನನಗೆ ಇಂಥದೇ ಸೋಜಿಗವೊಂದು ಫ್ರೆಂಚ್ ಭಾಷೆಯಲ್ಲಿ ಕಂಡಿತು. ಅಲ್ಲಿ ಯಕೃತ್ತಿಗೆ ‘ಫ್ವಾ’ ಎನ್ನುತ್ತಾರೆ. ಅಂಜೂರ ತಿನ್ನಿಸಿ ಕೊಬ್ಬಿಸಿದ ಹಕ್ಕಿಯ ಯಕೃತ್ತನ್ನು ರೋಮನ್ನರು ‘ಯೆಕುರ್ ಫಿಕಾಟುಮ್’, ಅಂದರೆ ಅಂಜೂರದ ಯಕೃತ್ತು, ಎಂದು ಕರೆದರು. ಕ್ರಮೇಣ ‘ಯೆಕುರ್’ ಉದುರಿತು. ‘ಫಿಕಾಟುಮ್’ ಸವೆದು ‘ಫ್ವಾ’ ಆಯಿತು. ‘ಫ್ವಾ ಗ್ರಾ’ ಎಂದರೆ ಕೊಬ್ಬಿದ ಯಕೃತ್ತು.

ಪದ್ಧತಿ ರೋಮಿಗಿಂತಲೂ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳ ಗೋಡೆಗಳ ಮೇಲೆ, ಹಕ್ಕಿಗಳ ಗಂಟಲಿಗೆ ಧಾನ್ಯದ ಉಂಡೆ ತುರುಕುವ ಆಳುಗಳನ್ನು ಕೆತ್ತಿದ್ದಾರೆ. ವಲಸೆ ಹೋಗುವ ನೀರುಹಕ್ಕಿ ದೂರದ ಹಾರಾಟಕ್ಕೆ ಮುನ್ನ ಹೆಚ್ಚು ತಿಂದು ಯಕೃತ್ತಿನಲ್ಲಿ ಕೊಬ್ಬನ್ನು ಕೂಡಿಡುತ್ತದೆ. ಆ ಸ್ವಭಾವವನ್ನೇ ಮನುಷ್ಯ ತನ್ನ ಲಾಭಕ್ಕೆ ತಿರುಗಿಸಿಕೊಂಡ. ಈಗ ಹೆಬ್ಬಾತಿಗಿಂತ ಬಾತುಕೋಳಿಯೇ ಹೆಚ್ಚು. ಕೊನೆಯ ಎರಡು ವಾರ, ದಿನಕ್ಕೆ ಎರಡು ಮೂರು ಬಾರಿ, ಗಂಟಲಿಗೆ ಕೊಳವೆ ಇಳಿಸಿ ಮೆಕ್ಕೆಜೋಳ ತುಂಬುತ್ತಾರೆ. ಯಕೃತ್ತು ಹಲವು ಪಟ್ಟು ಬೆಳೆಯುತ್ತದೆ.

ಮಧ್ಯಯುಗದ ಯೂರೋಪಿನಲ್ಲಿ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದವರಲ್ಲಿ ಯೆಹೂದ್ಯರು ಮುಖ್ಯರು. ನಾಲಗೆಯ ಚಾಪಲ್ಯವೇ ಅದಕ್ಕೆ ಕಾರಣವಲ್ಲ. ಹಂದಿಯ ಕೊಬ್ಬು ಅವರಿಗೆ ನಿಷಿದ್ಧ. ಮಾಂಸದೊಡನೆ ಬೆಣ್ಣೆ ಸೇರಿಸುವಂತಿಲ್ಲ. ಪೂರ್ವದೇಶಗಳಲ್ಲಿ ಬಳಸುತ್ತಿದ್ದ ಎಳ್ಳೆಣ್ಣೆ, ಆಲಿವ್ ಎಣ್ಣೆ ಉತ್ತರದ ಚಳಿನಾಡಿನಲ್ಲಿ ದುರ್ಲಭ. ಉಳಿದದ್ದು ಹೆಬ್ಬಾತಿನ ಕೊಬ್ಬು. ತುರುಕಿದ ಆಹಾರದಿಂದ ಅನ್ನನಾಳಕ್ಕೆ ಗಾಯವಾಗಿದ್ದರೆ ಆ ಮಾಂಸ ತಿನ್ನಲು ಯೋಗ್ಯವೇ ಎಂದು ಅವರ ಧರ್ಮಶಾಸ್ತ್ರಜ್ಞರು ಬಹುಕಾಲ ಚರ್ಚಿಸಿದರು. ಆ ಪ್ರಶ್ನೆ ಹೆಚ್ಚಾಗಿ ತಿನ್ನುವವನ ಶುದ್ಧಿಯನ್ನು ಕುರಿತದ್ದು.

ಹಕ್ಕಿಯ ನೋವಿನ ಪ್ರಶ್ನೆ ಇಸ್ರೇಲಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆಗ ಆ ದೇಶ ಫ್ವಾ ಗ್ರಾ ಉತ್ಪಾದನೆಯಲ್ಲಿ ಮುಂದಿದ್ದ ದೇಶಗಳಲ್ಲೊಂದು. ಬಲವಂತವಾಗಿ ಉಣಿಸಲು ಅವಕಾಶ ಕೊಟ್ಟಿದ್ದ ಸರಕಾರಿ ನಿಯಮಗಳು ಪ್ರಾಣಿರಕ್ಷಣೆಯ ಕಾಯಿದೆಗೆ ಹೊಂದುವುದಿಲ್ಲವೆಂದು 2003ರ ಆಗಸ್ಟಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ತೀರ್ಮಾನಿಸಿತು. ಮೂವರಲ್ಲಿ ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ. ಈ ಸಾಕಣೆಯನ್ನೇ ನಂಬಿದ್ದ ರೈತರ ಜೀವನೋಪಾಯದ ಮಾತೆತ್ತಿದರು. ಅದು ತಳ್ಳಿಹಾಕುವ ಮಾತಲ್ಲ. ನ್ಯಾಯಾಲಯವೂ 2005ರ ಮಾರ್ಚ್‌ವರೆಗೆ ಕಾಲಾವಕಾಶ ಕೊಟ್ಟಿತು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಬಲವಂತವಾಗಿ ಉಣಿಸುವ ಈ ಕ್ರಮ ಹಕ್ಕಿಗಳ ಕ್ಷೇಮಕ್ಕೆ ಹಾನಿಕರವೆಂದು ಯೂರೋಪಿಯನ್ ಒಕ್ಕೂಟದ ವಿಜ್ಞಾನ ಸಮಿತಿ 1998ರಲ್ಲೇ ವರದಿ ಮಾಡಿತ್ತು. ಆದರೂ 2006ರಲ್ಲಿ ಫ್ರೆಂಚ್ ಕಾಯಿದೆ ಫ್ವಾ ಗ್ರಾವನ್ನು ಸಂಸ್ಕೃತಿಯ, ಪಾಕಕಲೆಯ ರಕ್ಷಿತ ಪರಂಪರೆಯೆಂದು ಸಾರಿತು. ಬಲವಂತವಾಗಿ ಉಣಿಸಿ ಕೊಬ್ಬಿಸಿದ್ದೇ ಫ್ವಾ ಗ್ರಾ ಎಂದು ಅದರ ಲಕ್ಷಣವನ್ನೂ ಹೇಳಿತು. ಭಾರತ 2014ರಲ್ಲಿ ಇದರ ಆಮದನ್ನು ನಿಷೇಧಿಸಿತು. ನಮಗೆ ಅದು ಕಷ್ಟದ ತೀರ್ಮಾನವಾಗಿರಲಿಲ್ಲ. ಇಲ್ಲಿ ಅದು ದೊಡ್ಡ ಹೋಟೆಲುಗಳ ಪದಾರ್ಥ, ರೈತನ ಅನ್ನವಲ್ಲ.

ಪರಂಪರೆ ಎಂಬ ಮಾತು ನನಗೂ ಪ್ರಿಯವೇ. ನನ್ನ ವೃತ್ತಿಯೇ ಅದು. ಆದರೆ ಪದ್ಧತಿಯೊಂದು ಎಷ್ಟು ಹಳೆಯದೆಂಬುದಕ್ಕೆ ಸಕ್ಕಾರಾದ ಗೋಡೆ ಸಾಕ್ಷಿ ನುಡಿಯಬಲ್ಲದು. ಅದು ಸರಿಯೇ ಎಂಬುದಕ್ಕೆ ನುಡಿಯಲಾರದು. ಈ ವಿದ್ಯೆಯನ್ನು ಶತಮಾನಗಳ ಕಾಲ ಉಳಿಸಿದ ಜನರ ನಾಡಿನ ನ್ಯಾಯಾಲಯವೇ ಅದಕ್ಕೆ ಕೊನೆ ಹಾಡಿತು. ಅದರಿಂದ ಅವರ ಪರಂಪರೆ ಬಡವಾಯಿತೆಂದು ನನಗೆ ತೋರುವುದಿಲ್ಲ.