ತಿರುವೋ ಮುಂಗೈ, ಒತ್ತೋ ಹೆಬ್ಬೆರಳು

ಮೊನ್ನೆ ಆಫೀಸಿನ ಗೆಳೆಯ ಫೋನ್ ಮಾಡಿದ್ದ. ಹೊಸ ಮೌಂಟೇನ್ ಬೈಕ್ ತಗೊಳ್ಳೋನಿದ್ದಾನೆ. "ಗುರು, ಟ್ವಿಸ್ಟ್ ಶಿಫ್ಟರ್ ಒಳ್ಳೇದಾ, ಟ್ರಿಗರ್ ಒಳ್ಳೇದಾ? ಒಂದೇ ಮಾತಲ್ಲಿ ಹೇಳು" ಅಂದ. 2020ಕ್ಕಿಂತ ಮುಂಚೆ ಕೇಳಿದ್ದರೆ "ಟ್ರಿಗರ್" ಅಂತ ಒಂದೇ ಮಾತು ಹೇಳಿ ಫೋನ್ ಇಡುತ್ತಿದ್ದೆ. ಈಗ ಹಾಗೆ ಹೇಳೋಕೆ ಆಗಲ್ಲ. ಯಾಕೆ ಅಂತ ಹೇಳಬೇಕಾದರೆ ಕಮಲಾಪುರದ ನಮ್ಮ ಮನೆ ಅಂಗಳದಿಂದ ಶುರುಮಾಡಬೇಕು.

ಗೇರ್ ಸೈಕಲ್ ಹೊಡೆಯದವರಿಗಾಗಿ ಎರಡು ಸಾಲು. ಗೇರ್ ಬದಲಿಸೋ ಸಾಧನ ಹ್ಯಾಂಡಲ್ ಮೇಲಿರುತ್ತೆ. ಟ್ವಿಸ್ಟ್ ಅಂದ್ರೆ ಹಿಡಿಕೆಯ ಒಂದು ಭಾಗವನ್ನೇ ತಿರುಗಿಸೋದು. ಟ್ರಿಗರ್ ಅಂದ್ರೆ ಹಿಡಿಕೆಯ ಕೆಳಗಿರೋ ಎರಡು ಪುಟ್ಟ ಲಿವರ್: ಒಂದನ್ನು ಒತ್ತಿದರೆ ಗೇರ್ ಏರುತ್ತೆ, ಇನ್ನೊಂದನ್ನು ಒತ್ತಿದರೆ ಇಳಿಯುತ್ತೆ. ಅಷ್ಟೇ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ. ಲಾಕ್‌ಡೌನ್ ಸಡಿಲಾದ ಕೂಡಲೇ ಬೆಂಗಳೂರಿನ ರೂಮು ಖಾಲಿ ಮಾಡಿ, 21 ಗೇರಿನ ನನ್ನ ಮೌಂಟೇನ್ ಬೈಕನ್ನೂ ಕಟ್ಟಿಕೊಂಡು ಊರಿಗೆ ಬಂದೆ. ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ನಮ್ಮ ಹೊಲ ಊರಿಂದ ನಾಲ್ಕು ಕಿಲೋಮೀಟರು, ನಡುವೆ ಒಂದು ಏರು. ಅಪ್ಪ ಚೇತಕ್ ಮಾರಿ ಬಹಳ ವರ್ಷ ಆಗಿತ್ತು. ಶುಗರ್ ಬೇರೆ ಬಂದಿತ್ತು. ಹಳೇ ಅಟ್ಲಾಸ್ ಸೈಕಲ್ಲು ಆ ಏರಿನಲ್ಲಿ ಮೊಳಕಾಲು ಹಿಡಿಯುತ್ತಿತ್ತು. ಹೊಲಕ್ಕೆ ಹೋಗೋದೇ ಕಡಿಮೆಯಾಗಿ, ಕಟ್ಟೆ ಮೇಲೆ ಕೂತು ದಾರಿ ನೋಡೋದು ಜಾಸ್ತಿಯಾಗಿತ್ತು.

"ನನ್ನ ಸೈಕಲ್ ಒಯ್ಯಪಾ, ಗೇರ್ ಅದ, ಏರು ಗೊತ್ತೇ ಆಗಂಗಿಲ್ಲ" ಅಂದೆ. ಅಪ್ಪ ಒಂದು ಸುತ್ತು ಹೊಡೆದು ಬಂದು ಸೈಕಲ್ಲನ್ನು ಗೋಡೆಗೆ ಆನಿಸಿದ. ಅವನ ಬಲಗೈ ಹೆಬ್ಬೆರಳಿನ ತುದಿ ಗೆಣ್ಣು ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕಣಿಕಿ ಕತ್ತರಿಸೋ ಮಷೀನಿಗೆ ಸಿಕ್ಕಿ ಹೋಗಿದ್ದು. ಹಿಂದಿನ ಚಕ್ರದ ಗೇರ್ ಬಲಗೈ ಕಡೆ ಇರುತ್ತೆ, ಏರಿಗೆ ಹಗುರ ಗೇರ್ ಹಾಕೋ ಲಿವರನ್ನು ಒತ್ತಬೇಕಾದ್ದು ಅದೇ ಹೆಬ್ಬೆರಳು.

"ತಮ್ಮಾ, ಇದ್ಕ ಬೆರಳ ಬೇಕು. ನನ್ ಬಲ್ಲಿ ಮುಂಗೈ ಅದ. ಚೇತಕ್‌ದಂಗ ತಿರುವೋದು ಇರಂಗಿಲ್ಲೇನು ಇದ್ರಾಗ?"

"ಅದು ಹಳೇದಪಾ. ಈಗ ಸಣ್ಣ ಹುಡುಗ್ರ ಸೈಕಲ್ಲಿಗಿ ಅಷ್ಟೇ ಹಾಕ್ತಾರ" ಅಂದುಬಿಟ್ಟೆ.

ಅಪ್ಪ ಮತ್ತೇನೂ ಅನ್ನಲಿಲ್ಲ. ಆ ರಾತ್ರಿ ನನಗೇ ಅನುಮಾನ ಬಂತು. ತಿರುವೋದು ನಿಜವಾಗ್ಲೂ ಹಳೇದಾ? ಒತ್ತೋದು ಅದನ್ನು ಸೋಲಿಸಿ ಬಂದಿದ್ದಾ? ಓದುತ್ತಾ ಹೋದೆ. ಕಥೆ ನಾನು ಅಂದುಕೊಂಡಂಗೆ ಇರಲಿಲ್ಲ.

ಮೊದಲು ಅಪ್ಪನ ಚೇತಕ್. ಅದರ ತಾಯಿಬೇರು ಇಟಲಿಯ ವೆಸ್ಪಾ, 1946ರದ್ದು. ಮಾಡಿದಾತ ಕೊರಾಡಿನೊ ದಸ್ಕಾನಿಯೊ, ವಿಮಾನದ ಎಂಜಿನಿಯರು. ಮೋಟಾರ್‌ಸೈಕಲ್ ಕಂಡರೆ ಆತನಿಗೆ ಆಗುತ್ತಿರಲಿಲ್ಲವಂತೆ. ಬಟ್ಟೆ, ಬೂಟು ಕೊಳೆಯಾಗದೆ, ಕಾಲಿಗೆ ಕೆಲಸ ಕೊಡದೆ ಓಡಿಸೋ ಗಾಡಿ ಬೇಕು ಅಂತ ಗೇರನ್ನು ಎಡಗೈ ಹಿಡಿಕೆಗೆ ತಂದ. ಪುಣೆಯ ಬಜಾಜ್ ಮೊದಲು ಆ ಇಟಲಿ ಕಂಪನಿಯ ಲೈಸೆನ್ಸ್ ಮೇಲೆ ಸ್ಕೂಟರ್ ಮಾಡಿತು. ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು. ಕ್ಲಚ್ ಹಿಡಿದು ಮೇಲಕ್ಕೆ ತಿರುವಿದರೆ ಒಂದು, ಕೆಳಕ್ಕೆ ತಿರುವುತ್ತಾ ಹೋದರೆ ಎರಡು, ಮೂರು, ನಾಲ್ಕು. ಅಂದ್ರೆ ಅಮೆರಿಕದಲ್ಲಿ ಸೈಕಲ್ಲಿನವರು ಟ್ವಿಸ್ಟ್ ಶಿಫ್ಟರ್ ಹೊಸ ಆವಿಷ್ಕಾರ ಅಂತ ಕುಣಿಯೋ ಹೊತ್ತಿಗೆ ನಮ್ಮೂರಿನ ಮೇಷ್ಟ್ರು, ಗುಮಾಸ್ತರು, ಕಿರಾಣಿ ಅಂಗಡಿಯವರ ಮುಂಗೈಗೆ ಆ ವಿದ್ಯೆ ಆಗಲೇ ಬಂದಿತ್ತು.

ಹಾಗಂತ ಒತ್ತೋ ಲಿವರೂ ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1900ರ ದಶಕದ ಶುರುವಿಗೇ ಸ್ಟರ್ಮಿ-ಆರ್ಚರ್ ಅನ್ನೋ ಮೂರು ಗೇರಿನ ಹಬ್ ತಯಾರಾಯಿತು. 1930ರ ದಶಕದ ಕೊನೆಗೆ ಅದಕ್ಕೊಂದು ಪುಟ್ಟ ಟ್ರಿಗರ್ ಲಿವರ್ ಬಂತು. ವೆಸ್ಪಾಗಿಂತ ಮೊದಲೇ!

ಇನ್ನೊಂದು ವಿಷಯ ಓದಿ ನಗು ಬಂತು. ಟೂರ್ ದ ಫ್ರಾನ್ಸ್ ಶುರುಮಾಡಿದ ಆಂರಿ ದೆಗ್ರಾಂಜ್ ಅವರಿಗೆ ಗೇರ್ ಅಂದ್ರೆ ತಾತ್ಸಾರ. ಅದೆಲ್ಲ 45 ದಾಟಿದವರಿಗೆ ಅನ್ನೋ ಅರ್ಥದಲ್ಲಿ ಬರೆದಿದ್ದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಡಿರೇಲರ್‌ಗೆ ಆ ಓಟದಲ್ಲಿ ಪೂರ್ತಿ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವರು ಪಕ್ಕಕ್ಕೆ ಸರಿದ ಮೇಲೆ. ಯಾವ ಸೌಲಭ್ಯ "ನಿಜವಾದ" ಸವಾರರಿಗೆ, ಯಾವುದು ಮುದುಕರಿಗೆ, ಮಕ್ಕಳಿಗೆ ಅಂತ ಗೆರೆ ಎಳೆಯೋ ಚಟ ಅಂದಿನದೇ. ನಾನೂ ಅಪ್ಪನಿಗೆ ಅದನ್ನೇ ಅಂದಿದ್ದೆ.

ಈಗ ಮೌಂಟೇನ್ ಬೈಕಿಗೆ ಬರೋಣ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸೋ ಪಂದ್ಯ ಶುರುಮಾಡಿದರು. ಒಂದು ಸಲ ಇಳಿದರೆ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕು. ಅದಕ್ಕೇ ಆ ಪಂದ್ಯದ ಹೆಸರು ರೀಪ್ಯಾಕ್. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಅಂಥವರು ಅಲ್ಲಿಂದಲೇ ಬಂದವರು. ಇಳಿದ ಮೇಲೆ ಹತ್ತಬೇಕಲ್ಲ, ಅದಕ್ಕೆ ಗೇರ್ ಬೇಕಾಯಿತು. ಆದರೆ ರೇಸ್ ಸೈಕಲ್ಲಿನ ಗೇರ್ ಲಿವರ್ ಇರುತ್ತಿದ್ದುದು ಕೆಳಗೆ, ಫ್ರೇಮಿನ ಪೈಪಿನ ಮೇಲೆ. ಕಲ್ಲುದಾರಿಯಲ್ಲಿ ಒಂದು ಕೈ ಬಿಟ್ಟು ಅಲ್ಲಿಗೆ ಬಗ್ಗಿದರೆ ಹಲ್ಲು ಹೋಗುತ್ತೆ. ಹಾಗಾಗಿ ಲಿವರ್ ಹ್ಯಾಂಡಲ್ ಮೇಲಕ್ಕೆ ಹತ್ತಿತು.

ಆಗಿನ ಲಿವರ್‌ಗಳಲ್ಲಿ ಕ್ಲಿಕ್ ಇರಲಿಲ್ಲ. ರೇಡಿಯೋ ಸ್ಟೇಷನ್ ಹುಡುಕಿದಂಗೆ, ಕಿವಿಗೊಟ್ಟು, ಚೈನ್ ಕೂರೋವರೆಗೂ ಸರಿಸುತ್ತಾ ಇರಬೇಕು. 1984ರಲ್ಲಿ ಜಪಾನಿನ ಶಿಮಾನೊ ತನ್ನ ರೇಸ್ ಸೈಕಲ್ಲಿನ ಡ್ಯೂರಾ-ಏಸ್ ಸೆಟ್‌ನಲ್ಲಿ ಇಂಡೆಕ್ಸ್ ವ್ಯವಸ್ಥೆ ತಂದಿತು: ಒಂದು ಕ್ಲಿಕ್, ಒಂದು ಗೇರ್. ನನ್ನ ಭಾಷೆಯಲ್ಲಿ ಹೇಳೋದಾದರೆ ಅನಲಾಗ್ ಹೋಗಿ ಡಿಜಿಟಲ್ ಆಯ್ತು. ಒಮ್ಮೆ ಕ್ಲಿಕ್ ಬಂದ ಮೇಲೆ ಕೈ ಸೂಕ್ಷ್ಮವಾಗಿರಬೇಕಿಲ್ಲ, ಹಾಗಾಗಿ ಯಾವ ಬೆರಳಿಂದಾದರೂ ಮಾಡಬಹುದು. ಪೈಪೋಟಿ ಶುರುವಾಗಿದ್ದೇ ಇಲ್ಲಿಂದ.

ಶಿಕಾಗೋದ ಸ್ಟ್ಯಾನ್ ಡೇ ಟ್ರಯಥ್ಲಾನ್‌ಗೆ ತಯಾರಿ ಮಾಡುತ್ತಿದ್ದವರು. ಗೇರಿಗಾಗಿ ಪದೇ ಪದೇ ಕೆಳಗೆ ಕೈ ಹಾಕಿ ಬೇಸತ್ತಿದ್ದರು. 1987ರಲ್ಲಿ ಸ್ನೇಹಿತರ ಜೊತೆ ಸ್ರ್ಯಾಮ್ ಕಂಪನಿ ಕಟ್ಟಿದರು. 1988ರಲ್ಲಿ ಗ್ರಿಪ್ ಶಿಫ್ಟ್ ಬಂತು, ಮೊದಲು ರಸ್ತೆ ಸೈಕಲ್ಲಿಗೆ, 1991ರ ಹೊತ್ತಿಗೆ ಮೌಂಟೇನ್ ಬೈಕಿಗೆ. ಅದೇ ಸುಮಾರಿಗೆ, 1989-90ರಲ್ಲಿ, ಶಿಮಾನೊ ರಾಪಿಡ್‌ಫೈರ್ ಅನ್ನೋ ಟ್ರಿಗರ್ ತಂದಿತು. ಮೊದಲಿನದರಲ್ಲಿ ಎರಡೂ ಲಿವರನ್ನು ಹೆಬ್ಬೆರಳೇ ಒತ್ತಬೇಕಿತ್ತು. ಆಮೇಲಿನದರಲ್ಲಿ ಒಂದು ಹೆಬ್ಬೆರಳಿಗೆ, ಇನ್ನೊಂದು ತೋರುಬೆರಳಿಗೆ. ಅಂದ್ರೆ ಮೌಂಟೇನ್ ಬೈಕಿನ ಮೇಲೆ ಎರಡೂ ಓರಗೆಯವು. ಒಂದು ಹಳೇದು, ಇನ್ನೊಂದು ಹೊಸದು ಅಲ್ಲವೇ ಅಲ್ಲ.

ಜಗಳ ನಡೆದದ್ದು ಕೈಯ ಮೇಲಲ್ಲ, ಮಾರುಕಟ್ಟೆಯಲ್ಲಿ. ಶಿಮಾನೊ ಬಳಿ ಬ್ರೇಕು, ಡಿರೇಲರ್, ಶಿಫ್ಟರ್ ಎಲ್ಲ ಇತ್ತು. ಪೂರ್ತಿ ಸೆಟ್ ಕೊಂಡ ಸೈಕಲ್ ಕಂಪನಿಗಳಿಗೆ ರಿಯಾಯಿತಿ ಕೊಡುತ್ತಿತ್ತು. ಬರೀ ಶಿಫ್ಟರ್ ಮಾಡೋ ಸ್ರ್ಯಾಮ್ ಏನು ಮಾಡಬೇಕು? ಇದು ಅನ್ಯಾಯದ ವ್ಯಾಪಾರ ಅಂತ 1990ರಲ್ಲಿ ಕೋರ್ಟಿಗೆ ಹೋಯಿತು. ಮರುವರ್ಷ ಹೊರಗೇ ರಾಜಿಯಾಯಿತು. 1997ರಲ್ಲಿ ಜರ್ಮನಿಯ ಸ್ಯಾಕ್ಸ್‌ನ ಸೈಕಲ್ ವಿಭಾಗ ಕೊಂಡ ಮೇಲೆ ಸ್ರ್ಯಾಮ್ ಕೂಡ ಪೂರ್ತಿ ಸೆಟ್ ಮಾಡೋ ಹಾದಿ ಹಿಡಿಯಿತು. ತಮಾಷೆ ಅಂದ್ರೆ ಮುಂದೆ ಟ್ವಿಸ್ಟ್‌ನ ಈ ಕಂಪನಿ ಟ್ರಿಗರ್ ಮಾಡಿತು, ಟ್ರಿಗರ್‌ನ ಶಿಮಾನೊ ಅಗ್ಗದ ಸೈಕಲ್ಲುಗಳಿಗೆ ರೆವೊಶಿಫ್ಟ್ ಅನ್ನೋ ಟ್ವಿಸ್ಟ್ ಮಾಡಿತು. ನಮ್ಮ ಅಂಗಡಿಗಳಲ್ಲಿ ಕಾಣೋದು ಹೆಚ್ಚಾಗಿ ಆ ಪ್ಲಾಸ್ಟಿಕ್ ಟ್ವಿಸ್ಟೇ. ಅದಕ್ಕೇ ತಿರುವೋದು ಅಂದ್ರೆ ಅಗ್ಗದ್ದು ಅಂತ ನನ್ನಂಥವರ ತಲೆಯಲ್ಲಿ ಕೂತಿದ್ದು. ಸ್ರ್ಯಾಮ್ ತನ್ನ ದುಬಾರಿ ಸೆಟ್ಟುಗಳಿಗೂ ಗ್ರಿಪ್ ಶಿಫ್ಟ್ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ.

ಮಾರನೇ ದಿನ ಕಲಬುರಗಿಗೆ ಹೋದೆ. ಸೂಪರ್ ಮಾರ್ಕೆಟ್ ಕಡೆ ಒಬ್ಬ ಸೈಕಲ್ ಮಿಸ್ತ್ರಿ ಹಳೇ ಡಬ್ಬಿ ಬೋರಲು ಹಾಕಿ ಒಂದು ಟ್ವಿಸ್ಟ್ ಶಿಫ್ಟರ್ ತೆಗೆದರು. ಹುಡುಗರ ಸೈಕಲ್ಲಿಂದ ಬಿಚ್ಚಿದ್ದು. ಎರಡು ಸಂಗತಿ ನೋಡಿಕೊಳ್ಳಬೇಕಿತ್ತು. ಹಿಂದೆ ಏಳು ಹಲ್ಲುಚಕ್ರ ಇದ್ದರೆ ಶಿಫ್ಟರೂ ಏಳರದ್ದೇ ಆಗಬೇಕು. ಮತ್ತೆ ಡಿರೇಲರ್ ಯಾವ ಕಂಪನಿಯ ಲೆಕ್ಕದ್ದೋ ಶಿಫ್ಟರ್ ಅದೇ ಲೆಕ್ಕದ್ದಿರಬೇಕು, ಯಾಕಂದ್ರೆ ಒಂದು ಕ್ಲಿಕ್‌ಗೆ ಎಷ್ಟು ವೈರ್ ಎಳೆಯಬೇಕು ಅನ್ನೋದು ಎಲ್ಲರದ್ದೂ ಒಂದೇ ಅಲ್ಲ. ಎರಡೂ ಕೂಡಿಬಂತು. 150 ರೂಪಾಯಿ.

ಕೂರಿಸುವಾಗ ಎರಡನ್ನೂ ಬಿಚ್ಚಿ ನೋಡಿದೆ. ಟ್ರಿಗರ್ ಒಳಗೆ ಹಲ್ಲಿನ ಗಾಲಿ, ಅದನ್ನು ಹಿಡಿಯೋ ಕೊಕ್ಕೆಗಳು, ಕೂದಲೆಳೆ ಸ್ಪ್ರಿಂಗುಗಳು. ನಮ್ಮ ಕಡೆ ಬಿಸಿಲಿಗೆ ಹಳೇ ಗ್ರೀಸು ಅಂಟಾಗಿ ಕೊಕ್ಕೆ ಹಿಡಿಯೋದೇ ಇಲ್ಲ. ಲಿವರ್ ಒತ್ತಿದರೆ ಸುಮ್ಮನೆ ಹೋಗಿ ಬರುತ್ತೆ. ಟ್ವಿಸ್ಟ್ ಒಳಗೆ ಕೆಲವೇ ಭಾಗ. ಚೇತಕ್‌ಗೆ ಗೇರಿನ ವೈರು ಎರಡು. ಇದಕ್ಕೆ ಒಂದೇ, ವಾಪಸ್ ಎಳೆಯೋದು ಡಿರೇಲರಿನ ಸ್ಪ್ರಿಂಗು.

ಅಪ್ಪ ಹತ್ತಿದ. ಮೊದಲ ಏರಿನಲ್ಲಿ ಕೈ ತಾನಾಗಿಯೇ ತಿರುವಿತು, ಆದರೆ ಎಡಗೈ! ಚೇತಕ್‌ನಲ್ಲಿ ಗೇರ್ ಎಡಕ್ಕೆ, ಬಲಕ್ಕೆ ಎಕ್ಸಲರೇಟರ್. ನಾಲ್ಕು ದಿನ ಗೊಂದಲ ಮಾಡಿಕೊಂಡು, ಐದನೇ ದಿನ ಒಬ್ಬನೇ ಹೊಲಕ್ಕೆ ಹೋಗಿ ಬಂದ. "ಏರಿನ್ಯಾಗ ಒಮ್ಮೆಲೆ ತಿರುವಿಬಿಟ್ಟರ ಪೂರಾ ಹಗುರ ಆಗ್ತದ ನೋಡು" ಅಂತ ನನಗೇ ಹೇಳಿಕೊಟ್ಟ. ಟ್ವಿಸ್ಟ್‌ನ ದೊಡ್ಡ ಗುಣವೇ ಅದು. ಒಂದೇ ತಿರುವಿನಲ್ಲಿ ಐದಾರು ಗೇರ್ ದಾಟಬಹುದು. ಟ್ರಿಗರ್ ಆದರೆ ಹಲವು ಸಲ ಒತ್ತಬೇಕು.

ಹಾಗಂತ ಟ್ವಿಸ್ಟೇ ಮೇಲು ಅಂತ ನಾನು ಪಕ್ಷ ಬದಲಿಸಲಿಲ್ಲ. ಒಂದು ಭಾನುವಾರ ಅದೇ ಸೈಕಲ್ಲನ್ನು ಚಿಂಚೋಳಿ ಕಡೆಯ ಕಲ್ಲುದಾರಿಗೆ ಒಯ್ದಿದ್ದೆ. ಇಳಿಜಾರಿನಲ್ಲಿ ಗುಂಡಿ ಬಂತು, ಭಯಕ್ಕೆ ಹಿಡಿಕೆ ಗಟ್ಟಿ ಹಿಡಿದೆ, ಹಿಡಿಕೆ ತಿರುಗಿತು, ಗೇರ್ ಬದಲಾಗಿ ಚೈನ್ ಜಿಗಿಯಿತು. ಮೊಣಕೈ ಸುಲಿಯಿತು. ಕುಲುಕಾಡೋ ದಾರಿಯಲ್ಲಿ ಆಸರೆಗೆ ಹಿಡಿಯೋದೂ, ಗೇರಿಗೆ ತಿರುವೋದೂ ಒಂದೇ ಜಾಗ ಆದರೆ ಹೀಗಾಗುತ್ತೆ. ಮಳೆಗಾಲದಲ್ಲಿ ಎರಿ ಮಣ್ಣು ಮೆತ್ತಿದ ಒದ್ದೆ ಕೈ ಜಾರೋದೂ ಉಂಟು. ಟ್ರಿಗರ್‌ನಲ್ಲಿ ಹಿಡಿತ ಬೇರೆ, ಗೇರ್ ಬೇರೆ. ಗುಡ್ಡ ಇಳಿಯೋ ನನ್ನ ಕೈಗೆ ಅದೇ ಸರಿ.

ಬೆಂಗಳೂರಿಗೆ ವಾಪಸ್ ಹೊರಟಾಗ ಸೈಕಲ್ಲನ್ನು ಅಪ್ಪನಿಗೇ ಬಿಟ್ಟು ಬಂದೆ. ನನಗೆ ಟ್ರಿಗರ್ ಇರೋ ಇನ್ನೊಂದು ತಗೊಂಡೆ. ಆಫೀಸಿನಲ್ಲಿ ಆ್ಯಪ್‌ನ ಸ್ಕ್ರೀನ್ ಚಿತ್ರ ಬಿಡಿಸುವಾಗ ಈಗ ಒಂದು ಪ್ರಶ್ನೆ ಕೇಳುತ್ತೇನೆ: ಇದನ್ನು ಒತ್ತೋಕೆ ಹೆಬ್ಬೆರಳು ಬೇಕೇ ಬೇಕಾ? ಟೀಮಿನವರು ನಗುತ್ತಾರೆ. ನಗಲಿ.

2009ರ ಕೊನೆಯಲ್ಲಿ ಬಜಾಜ್ ಸ್ಕೂಟರ್ ಮಾಡೋದನ್ನೇ ಬಿಡೋದಾಗಿ ಹೇಳಿತು. 2020ರಲ್ಲಿ ಅದೇ ಹೆಸರಿನಲ್ಲಿ ಬಂದ ಚೇತಕ್ ಕರೆಂಟಿನದು, ಅದಕ್ಕೆ ಗೇರೇ ಇಲ್ಲ. ಸೈಕಲ್ಲಿನಲ್ಲೂ 2019ರಿಂದ ಸ್ರ್ಯಾಮ್ ಮೌಂಟೇನ್ ಬೈಕಿಗೆ ವೈರೇ ಇಲ್ಲದ, ಬ್ಯಾಟರಿಯ ಗೇರ್ ಮಾರುತ್ತಿದೆ. ಮುಂದೆ ತಿರುವೋದೂ ಒತ್ತೋದೂ ಎರಡೂ ಹೋಗಬಹುದು.

ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಂಗಡಿಗೆ ಹೋಗು, ಎರಡೂ ಹಿಡಿದು ನೋಡು, ದಾರಿ ಯಾವುದು ಅಂತ ಯೋಚಿಸು. ಮತ್ತೆ, ಆ ಸೈಕಲ್ಲನ್ನು ಮನೆಯಲ್ಲಿ ಇನ್ಯಾರು ಹೊಡೀತಾರೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮ ಹೊಡೀಬಹುದು. ಅವರಿಗೆ ಬೆರಳಿನ ಕೀಲು ನೋವು" ಅಂದ.

"ಹಂಗಾದ್ರ ಅವರನ್ನೂ ಕರಕೊಂಡು ಹೋಗು" ಅಂದೆ.