ದಿ ಮಿಸ್ಟ್ (2007ರ ಚಲನಚಿತ್ರ)

ದಿ ಮಿಸ್ಟ್ 2007ರಲ್ಲಿ ಬಿಡುಗಡೆಯಾದ ಅಮೆರಿಕದ ಒಂದು ವೈಜ್ಞಾನಿಕ ಭಯಾನಕ ಚಲನಚಿತ್ರ. ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ 1980ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಿರುಕಾದಂಬರಿಯನ್ನು ಇದು ಆಧರಿಸಿದೆ. ಚಿತ್ರಕಥೆ ಮತ್ತು ನಿರ್ದೇಶನ ಫ್ರಾಂಕ್ ಡಾರಬಾಂಟ್ ಅವರದು. ಥಾಮಸ್ ಜೇನ್, ಮಾರ್ಷಿಯಾ ಗೇ ಹಾರ್ಡನ್, ಲಾರೀ ಹೋಲ್ಡನ್, ಆಂಡ್ರೆ ಬ್ರೌವರ್ ಮತ್ತು ಟೋಬಿ ಜೋನ್ಸ್ ಪ್ರಮುಖ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ. ಮೇಯ್ನ್ ರಾಜ್ಯದ ಸಣ್ಣ ಪಟ್ಟಣವೊಂದನ್ನು ದಟ್ಟ ಮಂಜು ಆವರಿಸಿದಾಗ, ಅದರೊಳಗೆ ಅಡಗಿರುವ ವಿಕಾರ ಜೀವಿಗಳಿಗೆ ಹೆದರಿ ಸೂಪರ್‌ಮಾರ್ಕೆಟ್ ಒಂದರಲ್ಲಿ ಸಿಲುಕಿಕೊಂಡ ಊರಿನ ಜನರ ಕಥೆ ಇದು. ಮೂಲ ಕೃತಿಗೆ ಬಹುಮಟ್ಟಿಗೆ ನಿಷ್ಠವಾಗಿರುವ ಈ ಚಿತ್ರವು ಕೊನೆಯ ಕೆಲವು ನಿಮಿಷಗಳಲ್ಲಿ ಅದರಿಂದ ಸಂಪೂರ್ಣವಾಗಿ ಬೇರೆಯಾಗುತ್ತದೆ. ಚಿತ್ರದ ಕುರಿತಾದ ಚರ್ಚೆಗಳಲ್ಲಿ ಹೆಚ್ಚಿನವು ಈ ಅಂತ್ಯದ ಸುತ್ತಲೇ ನಡೆದಿವೆ.

ಕಥಾವಸ್ತು

(ಈ ಭಾಗವು ಚಿತ್ರದ ಅಂತ್ಯವನ್ನು ತಿಳಿಸುತ್ತದೆ.)

ಚಲನಚಿತ್ರಗಳ ಭಿತ್ತಿಪತ್ರಗಳನ್ನು ಬಿಡಿಸುವ ಚಿತ್ರಕಾರ ಡೇವಿಡ್ ಡ್ರೇಟನ್, ಹೆಂಡತಿ ಸ್ಟೆಫನಿ ಮತ್ತು ಎಂಟು ವರ್ಷದ ಆಸುಪಾಸಿನ ಮಗ ಬಿಲ್ಲಿಯೊಂದಿಗೆ ಸರೋವರದ ದಡದ ಮನೆಯಲ್ಲಿ ವಾಸಿಸುತ್ತಿರುತ್ತಾನೆ. ಒಂದು ರಾತ್ರಿ ಬೀಸಿದ ಬಿರುಗಾಳಿಗೆ ಮರವೊಂದು ಅವನ ಚಿತ್ರಶಾಲೆಯ ಕಿಟಕಿಯನ್ನು ಒಡೆದು ಒಳಗೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಸರೋವರದ ಆಚೆಯಿಂದ ವಿಚಿತ್ರವಾದ ಮಂಜು ತೇಲಿಬರುವುದು ಕಾಣುತ್ತದೆ. ಅದನ್ನು ಅಷ್ಟಾಗಿ ಲೆಕ್ಕಿಸದ ಡೇವಿಡ್, ಮಗನನ್ನೂ ನೆರೆಮನೆಯ ವಕೀಲ ಬ್ರೆಂಟ್ ನಾರ್ಟನ್‌ನನ್ನೂ ಕರೆದುಕೊಂಡು ಸಾಮಾನು ತರಲು ಪೇಟೆಗೆ ಹೋಗುತ್ತಾನೆ. ಡೇವಿಡ್ ಮತ್ತು ನಾರ್ಟನ್ ನಡುವೆ ಹಿಂದೆ ಆಸ್ತಿಯ ವಿಚಾರದಲ್ಲಿ ವ್ಯಾಜ್ಯ ನಡೆದಿರುತ್ತದೆ.

ಅವರು ಅಂಗಡಿಯಲ್ಲಿರುವಾಗ ಡ್ಯಾನ್ ಮಿಲ್ಲರ್ ಎಂಬ ವೃದ್ಧನು ಮೂಗಿನಿಂದ ರಕ್ತ ಸುರಿಸುತ್ತ ಓಡಿಬಂದು, ಮಂಜಿನೊಳಗೆ ಏನೋ ಇದೆಯೆಂದೂ ಬಾಗಿಲು ಮುಚ್ಚಬೇಕೆಂದೂ ಕೂಗುತ್ತಾನೆ. ಕ್ಷಣಮಾತ್ರದಲ್ಲಿ ಮಂಜು ಕಟ್ಟಡವನ್ನು ಸುತ್ತುವರಿಯುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಬಿಟ್ಟುಬಂದ ಒಬ್ಬ ಹೆಂಗಸು, ತನ್ನನ್ನು ಮನೆಗೆ ತಲುಪಿಸುವಂತೆ ಅಲ್ಲಿದ್ದವರನ್ನು ಬೇಡಿಕೊಳ್ಳುತ್ತಾಳೆ. ಯಾರೂ ಮುಂದೆ ಬರುವುದಿಲ್ಲ. ಆಕೆ ಒಬ್ಬಳೇ ಮಂಜಿನೊಳಗೆ ನಡೆದುಹೋಗುತ್ತಾಳೆ. ಚಿತ್ರದ ಆರಂಭದಲ್ಲಿ ಬರುವ ಈ ಚಿಕ್ಕ ದೃಶ್ಯಕ್ಕೆ ಕೊನೆಯಲ್ಲಿ ಬಹು ದೊಡ್ಡ ಅರ್ಥ ಬರುತ್ತದೆ.

ಜನರೇಟರ್ ಸರಿಪಡಿಸಲು ಹಿಂಬದಿಯ ಬಾಗಿಲನ್ನು ಎತ್ತಿದಾಗ, ಹೊರಗಿನಿಂದ ಚಾಚಿಬಂದ ಬಳ್ಳಿಯಂಥ ಬಾಹುಗಳು ನಾರ್ಮ್ ಎಂಬ ತರುಣ ಕೆಲಸಗಾರನನ್ನು ಎಳೆದೊಯ್ಯುತ್ತವೆ. ಇದನ್ನು ಕಂಡವರ ಮಾತನ್ನು ನಾರ್ಟನ್ ನಂಬುವುದಿಲ್ಲ. ಹೊರಗಿನಿಂದ ಬಂದ ತನ್ನನ್ನು ಊರಿನವರು ಗೇಲಿಮಾಡುತ್ತಿದ್ದಾರೆಂದು ಭಾವಿಸಿ, ಕೆಲವರನ್ನು ಕರೆದುಕೊಂಡು ಹೊರನಡೆಯುತ್ತಾನೆ. ಅವರೊಂದಿಗೆ ಹೋದ ಒಬ್ಬನ ಸೊಂಟಕ್ಕೆ ಡೇವಿಡ್ ಹಗ್ಗ ಕಟ್ಟಿರುತ್ತಾನೆ. ಹಗ್ಗವನ್ನು ಹಿಂದಕ್ಕೆಳೆದಾಗ ಸೊಂಟದಿಂದ ಕೆಳಗಿನ ದೇಹ ಮಾತ್ರ ಬರುತ್ತದೆ.

ರಾತ್ರಿ ದೀಪದ ಬೆಳಕಿಗೆ ಆಕರ್ಷಿತವಾದ ದೈತ್ಯ ಕೀಟಗಳು ಗಾಜಿನ ಗೋಡೆಗೆ ಬಂದು ಅಂಟಿಕೊಳ್ಳುತ್ತವೆ. ಅವುಗಳನ್ನು ತಿನ್ನಲು ಬಂದ ಹಾರುವ ಜೀವಿಗಳು ಗಾಜನ್ನು ಒಡೆದು ಒಳನುಗ್ಗುತ್ತವೆ. ಸಾವುನೋವುಗಳಾಗುತ್ತವೆ. ಸುಟ್ಟಗಾಯಗಳಿಂದ ನರಳುತ್ತಿದ್ದವನಿಗಾಗಿ ಔಷಧ ತರಲು ಪಕ್ಕದ ಔಷಧದಂಗಡಿಗೆ ಹೋದವರ ಮೇಲೆ ಜೇಡಗಳನ್ನು ಹೋಲುವ ಜೀವಿಗಳು ದಾಳಿಮಾಡುತ್ತವೆ.

ಈ ನಡುವೆ ಊರಿನವರ ದೃಷ್ಟಿಯಲ್ಲಿ ಅರೆಹುಚ್ಚಿಯಾಗಿದ್ದ ಮಿಸೆಸ್ ಕಾರ್ಮಡಿ, ಇದೆಲ್ಲ ದೇವರು ವಿಧಿಸಿದ ಶಿಕ್ಷೆಯೆಂದು ಸಾರತೊಡಗುತ್ತಾಳೆ. ಕೀಟವೊಂದು ಆಕೆಯ ಮೈಮೇಲೆ ಕುಳಿತು, ಕುಟುಕದೆ ಹಾರಿಹೋಗುತ್ತದೆ. ಅದನ್ನು ಪವಾಡವೆಂದು ತಿಳಿದವರು ಆಕೆಯ ಅನುಯಾಯಿಗಳಾಗುತ್ತಾರೆ. ಸಮೀಪದ ಸೇನಾನೆಲೆಯಲ್ಲಿ 'ಆರೋಹೆಡ್' ಎಂಬ ಯೋಜನೆಯ ವಿಜ್ಞಾನಿಗಳು ಬೇರೊಂದು ಲೋಕಕ್ಕೆ ಕಿಂಡಿ ತೆರೆಯಲು ಯತ್ನಿಸಿದ್ದರೆಂಬುದು ಜೆಸಪ್ ಎಂಬ ಸೈನಿಕನ ಬಾಯಿಂದ ಹೊರಬಿದ್ದಾಗ, ಗುಂಪು ಅವನನ್ನು ಇರಿದು, ಬಲಿಯಾಗಿ ಹೊರಕ್ಕೆ ತಳ್ಳುತ್ತದೆ. ಮರುದಿನ ಕಾರ್ಮಡಿ ಬಿಲ್ಲಿಯನ್ನೇ ಬಲಿಯಾಗಿ ಕೇಳುತ್ತಾಳೆ. ಅಂಗಡಿಯ ಸಹಾಯಕ ವ್ಯವಸ್ಥಾಪಕನೂ ನುರಿತ ಗುರಿಕಾರನೂ ಆದ ಆಲಿ ವೀಕ್ಸ್ ಆಕೆಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅಂಗಡಿಯಿಂದ ಕಾರಿನತ್ತ ಓಡುವಾಗ ಆಲಿಯೂ ಬೃಹತ್ ಜೀವಿಯೊಂದಕ್ಕೆ ಆಹಾರವಾಗುತ್ತಾನೆ. ಅವನ ಕೈಯಲ್ಲಿದ್ದ ರಿವಾಲ್ವರ್ ಕಾರಿನ ಮೇಲೆ ಬೀಳುತ್ತದೆ. ಡೇವಿಡ್ ಪ್ರಾಣದ ಹಂಗು ತೊರೆದು ಕೈಚಾಚಿ ಅದನ್ನು ಎತ್ತಿಕೊಳ್ಳುತ್ತಾನೆ.

ಡೇವಿಡ್, ಬಿಲ್ಲಿ, ಶಿಕ್ಷಕಿ ಅಮಾಂಡಾ ಡನ್‌ಫ್ರಿ, ವೃದ್ಧರಾದ ಡ್ಯಾನ್ ಮತ್ತು ಐರೀನ್ ರೆಪ್ಲರ್ ಕಾರಿನಲ್ಲಿ ಹೊರಡುತ್ತಾರೆ. ಮನೆಯ ಬಳಿ ಸ್ಟೆಫನಿ ಬಲೆಯಲ್ಲಿ ಸಿಲುಕಿ ಸತ್ತಿರುವುದು ಕಾಣುತ್ತದೆ. ಇಂಧನ ಮುಗಿಯುವವರೆಗೆ ಸಾಗಿದರೂ ಮಂಜು ಮುಗಿಯುವುದಿಲ್ಲ. ಉಳಿದಿರುವುದು ನಾಲ್ಕು ಗುಂಡುಗಳು, ಕಾರಿನಲ್ಲಿರುವವರು ಐವರು. ರಾಕ್ಷಸರ ಕೈಗೆ ತನ್ನನ್ನು ಸಿಗಗೊಡಬಾರದೆಂದು ಬಿಲ್ಲಿ ಹಿಂದೆಯೇ ತಂದೆಯಿಂದ ಮಾತು ತೆಗೆದುಕೊಂಡಿರುತ್ತಾನೆ. ದೊಡ್ಡವರ ಮೌನ ಸಮ್ಮತಿಯೊಂದಿಗೆ ಡೇವಿಡ್ ನಾಲ್ವರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಬಳಿಕ ಸಾಯಲೆಂದೇ ಹೊರಗಿಳಿದು ಜೀವಿಗಳನ್ನು ಕೂಗಿ ಕರೆಯುತ್ತಾನೆ. ಮಂಜಿನಿಂದ ಹೊರಬರುವುದು ಸೇನೆಯ ಟ್ಯಾಂಕು. ಮಂಜು ಕರಗತೊಡಗುತ್ತದೆ. ಬದುಕುಳಿದವರನ್ನು ಹೊತ್ತ ಲಾರಿಯೊಂದರಲ್ಲಿ, ಮೊದಲ ದಿನ ಒಬ್ಬಳೇ ಹೊರನಡೆದ ಆ ಹೆಂಗಸು ತನ್ನ ಇಬ್ಬರು ಮಕ್ಕಳೊಂದಿಗೆ ನಿಂತು ಅವನನ್ನೇ ನೋಡುತ್ತಾಳೆ.

ಮೂಲ ಕೃತಿ

ಕಿಂಗ್ ಅವರ ಕಿರುಕಾದಂಬರಿ ಮೊದಲು ಪ್ರಕಟವಾದುದು ಕರ್ಬಿ ಮೆಕಾಲೆ ಸಂಪಾದಿಸಿದ 'ಡಾರ್ಕ್ ಫೋರ್ಸಸ್' (1980) ಎಂಬ ಕಥಾಸಂಕಲನದಲ್ಲಿ. ಅಲ್ಪಸ್ವಲ್ಪ ತಿದ್ದುಪಡಿಗಳೊಂದಿಗೆ ಅದು 1985ರಲ್ಲಿ ಅವರದೇ 'ಸ್ಕೆಲಿಟನ್ ಕ್ರೂ' ಸಂಕಲನದಲ್ಲಿ ಸೇರಿತು. ಬಿರುಗಾಳಿ ಬಂದುಹೋದ ಮರುದಿನ ಮಗನೊಂದಿಗೆ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಕೊಳ್ಳುತ್ತಿದ್ದಾಗ, ಇತಿಹಾಸಪೂರ್ವ ಕಾಲದ ದೊಡ್ಡ ಹಕ್ಕಿಯೊಂದು ಕಪಾಟುಗಳ ನಡುವೆ ರೆಕ್ಕೆ ಬಡಿಯುತ್ತಿರುವಂತೆ ತಮಗೆ ಕಲ್ಪನೆ ಬಂದಿತೆಂದೂ, ಅದರಿಂದಲೇ ಈ ಕಥೆ ಹುಟ್ಟಿತೆಂದೂ ಲೇಖಕರು ವಿವರಿಸಿದ್ದಾರೆ.

ಚಿತ್ರವಾಗುವುದಕ್ಕೆ ಮುನ್ನವೇ ಈ ಕಥೆ ಬೇರೆ ರೂಪಗಳನ್ನು ತಾಳಿತ್ತು. 1984ರಲ್ಲಿ ಇದರ ಧ್ವನಿನಾಟಕ ಹೊರಬಂದಿತು. 1985ರಲ್ಲಿ ಇದನ್ನಾಧರಿಸಿ ಪಠ್ಯರೂಪದ ಕಂಪ್ಯೂಟರ್ ಆಟವೊಂದು ಪ್ರಕಟವಾಯಿತು.

ನಿರ್ಮಾಣ

ಡಾರಬಾಂಟ್ ಅವರಿಗೂ ಕಿಂಗ್ ಅವರ ಕೃತಿಗಳಿಗೂ ದೀರ್ಘಕಾಲದ ನಂಟು. ಅವರ ಆರಂಭದ ಕಿರುಚಿತ್ರ 'ದಿ ವುಮನ್ ಇನ್ ದಿ ರೂಮ್' (1983) ಕಿಂಗ್ ಅವರ ಸಣ್ಣಕಥೆಯನ್ನಾಧರಿಸಿತ್ತು. 'ದಿ ಶಾಶಾಂಕ್ ರಿಡೆಂಪ್ಷನ್' (1994) ಮತ್ತು 'ದಿ ಗ್ರೀನ್ ಮೈಲ್' (1999) ಅವರಿಗೆ ಖ್ಯಾತಿ ತಂದವು. ಆ ಎರಡೂ ಸೆರೆಮನೆಯ ಕಥೆಗಳು. ದಿ ಮಿಸ್ಟ್ ಕೂಡ ಒಂದರ್ಥದಲ್ಲಿ ಸೆರೆಯ ಕಥೆಯೇ. ಆದರೆ ಶಾಶಾಂಕ್‌ನಲ್ಲಿ ಭರವಸೆಯು ಮನುಷ್ಯನನ್ನು ಹೊರತಂದರೆ, ಇಲ್ಲಿ ಭರವಸೆಯನ್ನು ಕೆಲವೇ ನಿಮಿಷ ಬೇಗ ಕೈಬಿಟ್ಟುದರ ಪರಿಣಾಮವನ್ನು ತೋರಿಸಲಾಗಿದೆ.

ಸುಮಾರು 1 ಕೋಟಿ 80 ಲಕ್ಷ ಡಾಲರ್ ವೆಚ್ಚದಲ್ಲಿ, ಹಾಲಿವುಡ್‌ನ ಮಟ್ಟಿಗೆ ಅಗ್ಗವಾಗಿಯೇ, ಚಿತ್ರವನ್ನು ಡೈಮೆನ್ಷನ್ ಫಿಲ್ಮ್ಸ್ ಸಂಸ್ಥೆಗಾಗಿ ತಯಾರಿಸಲಾಯಿತು. ಅಂತ್ಯವನ್ನು ಬದಲಿಸುವುದಿಲ್ಲವೆಂಬ ಷರತ್ತಿಗೆ ಅಂಟಿಕೊಂಡ ಕಾರಣದಿಂದಲೇ ಡಾರಬಾಂಟ್ ಕಡಿಮೆ ಹಣಕ್ಕೆ ಒಪ್ಪಿಕೊಂಡರು. 2007ರ ಫೆಬ್ರವರಿಯಲ್ಲಿ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ ಚಿತ್ರೀಕರಣ ಆರಂಭವಾಗಿ, ಆರು ವಾರಗಳ ಆಸುಪಾಸಿನಲ್ಲಿ ಮುಗಿಯಿತು. ಈ ವೇಗಕ್ಕೆ ಒಂದು ಕಾರಣವಿದೆ: 'ದಿ ಶೀಲ್ಡ್' ಎಂಬ ದೂರದರ್ಶನ ಧಾರಾವಾಹಿಯ ಕಂತೊಂದನ್ನು ನಿರ್ದೇಶಿಸಿದ್ದ ಡಾರಬಾಂಟ್, ಅದರ ಛಾಯಾಗ್ರಾಹಕ ರಾನ್ ಶ್ಮಿಟ್, ಸಂಕಲನಕಾರ ಹಂಟರ್ ವಯಾ ಮತ್ತು ಕ್ಯಾಮೆರಾ ತಂಡವನ್ನೇ ಕರೆತಂದರು. ಕೈಯಲ್ಲಿ ಹಿಡಿದ ಎರಡು ಕ್ಯಾಮೆರಾಗಳು ಏಕಕಾಲದಲ್ಲಿ ನಟರ ನಡುವೆ ಓಡಾಡುತ್ತಿದ್ದವು. ಚಿತ್ರಕ್ಕೆ ಸುದ್ದಿಚಿತ್ರದ ಸಾಚಾತನ ಬಂದುದು ಇದರಿಂದ.

ವಿಚಿತ್ರ ಜೀವಿಗಳ ಕಲ್ಪನಾಚಿತ್ರಗಳಲ್ಲಿ ಕಾಮಿಕ್ಸ್ ಕಲಾವಿದ ಬರ್ನಿ ರೈಟ್ಸನ್ ಅವರ ಪಾಲಿತ್ತು. ಗ್ರೆಗ್ ನಿಕೊಟೆರೊ ಅವರ ತಂಡ ಅವುಗಳ ಪ್ರತಿಕೃತಿಗಳನ್ನು ನಿರ್ಮಿಸಿತು. ಗಣಕೀಕೃತ ದೃಶ್ಯಗಳನ್ನು ಕೆಫೆಎಫ್‌ಎಕ್ಸ್ ಸಂಸ್ಥೆ ರಚಿಸಿತು. ಹಿಂಬದಿಯ ಬಾಗಿಲಿನ ದೃಶ್ಯದ ಬಾಹುಗಳು ಇಂದು ಗಣಕದ ಕೈಚಳಕವೆಂದು ಸುಲಭವಾಗಿ ಗೊತ್ತಾಗಿಬಿಡುತ್ತವೆ ಎಂಬುದನ್ನು ಚಿತ್ರದ ಅಭಿಮಾನಿಗಳೂ ಒಪ್ಪುತ್ತಾರೆ. ಮಂಜು ಹೆಚ್ಚಿದ್ದು ಜೀವಿಗಳು ಕಡಿಮೆ ಕಾಣಿಸುವ ದೃಶ್ಯಗಳೇ ಹೆಚ್ಚು ಪರಿಣಾಮಕಾರಿ.

ಮೊದಲ ದೃಶ್ಯದಲ್ಲಿ ಡೇವಿಡ್ ಬಿಡಿಸುತ್ತಿರುವುದು ಕಿಂಗ್ ಅವರ 'ದಿ ಡಾರ್ಕ್ ಟವರ್' ಸರಣಿಯ ನಾಯಕನ ಚಿತ್ರ. ಗೋಡೆಯ ಮೇಲೆ 'ದಿ ಥಿಂಗ್' (1982) ಚಿತ್ರದ ಭಿತ್ತಿಪತ್ರವಿದೆ. ಇವೆರಡೂ ಪ್ರಸಿದ್ಧ ಭಿತ್ತಿಪತ್ರ ಕಲಾವಿದ ಡ್ರೂ ಸ್ಟ್ರೂಜನ್ ಅವರ ರಚನೆಗಳು.

ಸಂಗೀತ

ಸಂಗೀತ ಮಾರ್ಕ್ ಐಶಮ್ ಅವರದು. ಚಿತ್ರದ ಬಹುಭಾಗದಲ್ಲಿ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ವಿರಳ. ಕೊನೆಯ ಪ್ರಯಾಣದಲ್ಲಿ ಮಾತ್ರ 'ಡೆಡ್ ಕ್ಯಾನ್ ಡ್ಯಾನ್ಸ್' ತಂಡದ 1988ರ 'ದಿ ಹೋಸ್ಟ್ ಆಫ್ ಸೆರಾಫಿಮ್' ಎಂಬ ಗಾಯನವು ಶೋಕಗೀತೆಯಂತೆ ತುಂಬಿಕೊಳ್ಳುತ್ತದೆ.

ಕಾದಂಬರಿಯಿಂದ ವ್ಯತ್ಯಾಸಗಳು

ಕಿರುಕಾದಂಬರಿಯನ್ನು ಡೇವಿಡ್ ಉತ್ತಮ ಪುರುಷದಲ್ಲಿ ಅಂದರೆ 'ನಾನು' ಎಂದು ನಿರೂಪಿಸುತ್ತಾನೆ. ಮಂಜಿನ ಮೂಲದ ಬಗ್ಗೆ ಅದರಲ್ಲಿ ಊಹೆಗಳಷ್ಟೇ ಇವೆ. ಸೈನಿಕ ಜೆಸಪ್‌ನ ಪಾತ್ರ ಮತ್ತು ಅವನ ತಪ್ಪೊಪ್ಪಿಗೆ ಚಿತ್ರದ ಸೇರ್ಪಡೆ. ಡೇವಿಡ್ ಮತ್ತು ಅಮಾಂಡಾ ನಡುವಿನ ದೈಹಿಕ ಸಂಬಂಧವನ್ನು ಚಿತ್ರ ಕೈಬಿಟ್ಟಿದೆ. ಪುಸ್ತಕದಲ್ಲಿ ಮನೆಯ ದಾರಿ ಮರಗಳಿಂದ ಮುಚ್ಚಿಹೋಗಿರುವುದರಿಂದ ಹೆಂಡತಿಗೆ ಏನಾಯಿತೆಂಬುದು ಡೇವಿಡ್‌ಗೆ ತಿಳಿಯುವುದೇ ಇಲ್ಲ.

ಅಂತ್ಯದಲ್ಲಿನ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದು. ಪುಸ್ತಕದಲ್ಲಿ ಬದುಕುಳಿದವರು ದಾರಿಬದಿಯ ಹೋಟೆಲೊಂದರಲ್ಲಿ ತಂಗುತ್ತಾರೆ. ರೇಡಿಯೋದ ಗೊರಗೊರ ಸದ್ದಿನ ನಡುವೆ ಊರೊಂದರ ಹೆಸರು ಕೇಳಿಸಿದಂತೆ ಡೇವಿಡ್‌ಗೆ ಅನ್ನಿಸುತ್ತದೆ. ಆ ಕ್ಷೀಣ ಭರವಸೆಯೊಂದಿಗೆ ಕಥೆ ನಿಲ್ಲುತ್ತದೆ. ಆದರೆ ಚಿತ್ರದ ಅಂತ್ಯವನ್ನು ಡಾರಬಾಂಟ್ ಶೂನ್ಯದಿಂದ ಸೃಷ್ಟಿಸಿದರೆನ್ನುವುದು ಸರಿಯಲ್ಲ. ರಿವಾಲ್ವರಿನಲ್ಲಿ ಉಳಿದಿರುವ ಗುಂಡುಗಳು ಕಾರಿನಲ್ಲಿರುವವರಿಗಿಂತ ಒಂದು ಕಡಿಮೆ ಎಂದೂ, ಅನಿವಾರ್ಯವಾದರೆ ತನಗೆ ಬೇರೆ ದಾರಿ ಹುಡುಕಿಕೊಳ್ಳಬೇಕೆಂದೂ ಪುಸ್ತಕದ ಡೇವಿಡ್ ಯೋಚಿಸುತ್ತಾನೆ. ಅಲ್ಲಿ ಹಾಗೆಯೇ ಹಾದುಹೋಗುವ ಈ ಆಲೋಚನೆಯನ್ನು ಚಿತ್ರ ಕೃತಿಗಿಳಿಸುತ್ತದೆ. ಒಂಟಿ ತಾಯಿಯ ಮರಳುವಿಕೆ ಸಂಪೂರ್ಣವಾಗಿ ಡಾರಬಾಂಟ್ ಅವರದು. ಪುಸ್ತಕದಲ್ಲಿ ಆಕೆ ಹೊರನಡೆದ ಮೇಲೆ ಮತ್ತೆ ಕಾಣಿಸಿಕೊಳ್ಳುವುದಿಲ್ಲ.

ಹೊಸ ಅಂತ್ಯವನ್ನು ಕಿಂಗ್ ಬಹಿರಂಗವಾಗಿ ಮೆಚ್ಚಿಕೊಂಡರು. ತಮಗೆ ಅದು ಮೊದಲೇ ಹೊಳೆದಿದ್ದರೆ ತಾವೇ ಬಳಸುತ್ತಿದ್ದುದಾಗಿ ಹೇಳಿದರು. ತಮ್ಮ ಕೃತಿಗಳ ರೂಪಾಂತರಗಳ ಬಗ್ಗೆ, ವಿಶೇಷವಾಗಿ ಸ್ಟ್ಯಾನ್ಲಿ ಕ್ಯುಬ್ರಿಕ್ ಅವರ 'ದಿ ಶೈನಿಂಗ್' ಬಗ್ಗೆ, ಅಸಮಾಧಾನ ತೋಡಿಕೊಂಡಿದ್ದ ಲೇಖಕರಿಂದ ಇಂಥ ಮಾತು ಬಂದುದು ಗಮನಾರ್ಹ.

ವಸ್ತು ಮತ್ತು ವಿಮರ್ಶೆ

ಚಿತ್ರದಲ್ಲಿ ಜೀವಿಗಳು ತೆರೆಯ ಮೇಲಿರುವ ಅವಧಿ ಕಡಿಮೆ. ಹೆಚ್ಚಿನ ಸಮಯ ಕ್ಯಾಮೆರಾ ಅಂಗಡಿಯೊಳಗಿನ ಜನರ ಮೇಲಿರುತ್ತದೆ. ಎರಡೇ ದಿನಗಳಲ್ಲಿ ಪರಿಚಿತ ನೆರೆಹೊರೆಯವರು ಮಗುವನ್ನು ಬಲಿಕೇಳುವ ಮಟ್ಟಕ್ಕೆ ಹೇಗೆ ಇಳಿಯುತ್ತಾರೆಂಬುದನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಮೊದಲು ಅಪನಂಬಿಕೆ, ಬಳಿಕ ಗುಂಪುಗಾರಿಕೆ, ಆಮೇಲೆ ಹೊಣೆ ಹೊರಿಸಲು ಒಬ್ಬನ ಹುಡುಕಾಟ. ಕಾರ್ಮಡಿಯ ಪಾತ್ರ ಅತಿರೇಕದ್ದೆಂದು ಆಕ್ಷೇಪಿಸಿದ ವಿಮರ್ಶಕರಿದ್ದಾರೆ. ಆದರೆ ಆಕೆ ಶೌಚಾಲಯದಲ್ಲಿ ಒಂಟಿಯಾಗಿ ಅಳುತ್ತ ಪ್ರಾರ್ಥಿಸುವ ದೃಶ್ಯವನ್ನು ನೆನೆದರೆ, ಆಕೆ ಕಪಟಿಯಲ್ಲ, ತಾನು ಹೇಳುವುದನ್ನು ನಿಜವಾಗಿ ನಂಬಿದವಳೆಂಬುದು ಸ್ಪಷ್ಟವಾಗುತ್ತದೆ. ಆಕೆ ಹೆಚ್ಚು ಅಪಾಯಕಾರಿಯಾಗುವುದೂ ಅದರಿಂದಲೇ.

ಡೇವಿಡ್ ಸಾಮಾನ್ಯ ಭಯಾನಕ ಚಿತ್ರಗಳ ನಾಯಕನಂತೆ ಧೈರ್ಯಶಾಲಿ, ವಿವೇಕಿ. ಆದರೂ ಅವನ ನಿರ್ಧಾರಗಳು ಮತ್ತೆಮತ್ತೆ ಸಾವಿನಲ್ಲಿ ಕೊನೆಗೊಳ್ಳುತ್ತವೆ: ಹಗ್ಗ ಕಟ್ಟಿಸಿಕೊಂಡವನು ಸಾಯುತ್ತಾನೆ, ಔಷಧ ತರಲು ಹೋದವರಲ್ಲಿ ಕೆಲವರು ಸಾಯುತ್ತಾರೆ. ಅಂತ್ಯವನ್ನು ವಿರೋಧಿಸುವವರು ಅದು ಪ್ರೇಕ್ಷಕರ ಮೇಲೆಸಗಿದ ಕ್ರೌರ್ಯವೆನ್ನುತ್ತಾರೆ. ಸಮರ್ಥಿಸುವವರು ಭಯಕ್ಕೆ ಒಳಗಾದವರು ಅಂಗಡಿಯಲ್ಲಿದ್ದವರಷ್ಟೇ ಅಲ್ಲ, ಕಾರಿನಲ್ಲಿದ್ದವರೂ ಹೌದೆಂಬುದನ್ನು ಅದು ತೋರಿಸುತ್ತದೆ ಎನ್ನುತ್ತಾರೆ. ಬಿಲ್ಲಿ ಸತ್ತ ಬಳಿಕವೇ ಮಂಜು ಕರಗುವುದರಿಂದ ಕಾರ್ಮಡಿಯ ಮಾತೇ ನಿಜವಾಯಿತೇ ಎಂಬ ಪ್ರಶ್ನೆಯನ್ನೂ ಕೆಲವರು ಎತ್ತಿದ್ದಾರೆ. ಚಿತ್ರ ಇದಕ್ಕೆ ಉತ್ತರಿಸುವುದಿಲ್ಲ.

ಬಿಡುಗಡೆ ಮತ್ತು ನಂತರ

126 ನಿಮಿಷಗಳ ಈ ಚಿತ್ರ 2007ರ ನವೆಂಬರ್ 21ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಕುಟುಂಬಗಳು ಒಟ್ಟುಸೇರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಅದು. ಇಂಥ ಅಂತ್ಯದ ಚಿತ್ರಕ್ಕೆ ಹೇಳಿಮಾಡಿಸಿದ ಸಮಯವೇನಲ್ಲ. ವಿಶ್ವಾದ್ಯಂತ ಸುಮಾರು 5 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಕಾರ್ಮಡಿಯ ಪಾತ್ರಕ್ಕಾಗಿ ಮಾರ್ಷಿಯಾ ಗೇ ಹಾರ್ಡನ್ ಅವರಿಗೆ ಅತ್ಯುತ್ತಮ ಪೋಷಕ ನಟಿಗೆ ನೀಡುವ ಸ್ಯಾಟರ್ನ್ ಪ್ರಶಸ್ತಿ ದೊರೆಯಿತು.

ಡಾರಬಾಂಟ್ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೆರೆಗೆ ತರಲು ಬಯಸಿದ್ದರು. ಅದು ಸಾಧ್ಯವಾಗದೆ, 2008ರ ಮಾರ್ಚ್‌ನಲ್ಲಿ ಹೊರಬಂದ ಎರಡು ತಟ್ಟೆಗಳ ಡಿವಿಡಿಯಲ್ಲಿ ಕಪ್ಪುಬಿಳುಪು ಆವೃತ್ತಿಯನ್ನೂ ಸೇರಿಸಲಾಯಿತು. ಅದನ್ನೇ ಅವರು ತಮ್ಮ ಇಷ್ಟದ ಆವೃತ್ತಿಯೆಂದು ಕರೆದಿದ್ದಾರೆ. ಬಣ್ಣವಿಲ್ಲದಾಗ ಗಣಕದ ಜೀವಿಗಳು ಮಂಜಿನೊಂದಿಗೆ ಹೆಚ್ಚು ಬೆರೆಯುವುದರಿಂದ, ಮೊದಲ ಬಾರಿ ನೋಡುವವರಿಗೂ ಇದನ್ನು ಶಿಫಾರಸು ಮಾಡುವವರಿದ್ದಾರೆ.

ಚಿತ್ರದಲ್ಲಿ ಅಭಿನಯಿಸಿದ ಲಾರೀ ಹೋಲ್ಡನ್, ಜೆಫ್ರಿ ಡೆಮನ್ ಮತ್ತು ಒಂಟಿ ತಾಯಿಯ ಪಾತ್ರದ ಮೆಲಿಸ್ಸಾ ಮೆಕ್‌ಬ್ರೈಡ್ ಅವರನ್ನು ಡಾರಬಾಂಟ್ ಮುಂದೆ 2010ರಲ್ಲಿ ಆರಂಭವಾದ 'ದಿ ವಾಕಿಂಗ್ ಡೆಡ್' ಧಾರಾವಾಹಿಗೂ ಆರಿಸಿಕೊಂಡರು. ಕಿಂಗ್ ಅವರ ಕಥೆಯನ್ನಾಧರಿಸಿ 2017ರಲ್ಲಿ ಸ್ಪೈಕ್ ವಾಹಿನಿಯಲ್ಲಿ ಇದೇ ಹೆಸರಿನ ಧಾರಾವಾಹಿ ಪ್ರಸಾರವಾಯಿತು. ಪಾತ್ರಗಳೂ ಘಟನೆಗಳೂ ಅದರಲ್ಲಿ ಬೇರೆ. ಹತ್ತು ಕಂತುಗಳ ಒಂದೇ ಋತುವಿನ ಬಳಿಕ ಅದನ್ನು ನಿಲ್ಲಿಸಲಾಯಿತು.