ತಲೆಗೆ ಹೆಡ್‌ಸೆಟ್, ಮೈಗೆ ಬೆವರು: ಮನೆಯೊಳಗಿನ ವಿ.ಆರ್. ವ್ಯಾಯಾಮ

ಕಣ್ಣು ಪೂರ್ತಿ ಮುಚ್ಚುವ ಪೆಟ್ಟಿಗೆಯೊಂದನ್ನು ತಲೆಗೆ ಬಿಗಿದುಕೊಂಡು, ಕೋಣೆಯ ನಡುವೆ ನಿಂತು ಗಾಳಿಗೆ ಗುದ್ದುವವರನ್ನು ನೋಡಿದರೆ ಯಾರಿಗಾದರೂ ನಗು ಬರುವುದು ಸಹಜ. ಆದರೆ ಹತ್ತೇ ನಿಮಿಷದಲ್ಲಿ ಅವರ ಅಂಗಿ ಒದ್ದೆಯಾಗಿರುತ್ತದೆ, ಎದೆಬಡಿತ ಏರಿರುತ್ತದೆ. ವರ್ಚುವಲ್ ರಿಯಾಲಿಟಿ, ಚುಟುಕಾಗಿ ವಿ.ಆರ್., ಆಟಗಳಿಂದ ಜನಪ್ರಿಯವಾದ ತಂತ್ರಜ್ಞಾನ. ಅದು ಅಮೆರಿಕ, ಯುರೋಪಿನ ಮನೆಗಳಲ್ಲಿ ವ್ಯಾಯಾಮದ ಸಾಧನವಾಗಿ ಬದಲಾದದ್ದು ಕಳೆದ ಕೆಲವೇ ವರ್ಷಗಳಲ್ಲಿ. ಅದರಿಂದ ಮೈಗೆ ನಿಜವಾಗಿ ಸಿಗುವುದೇನು, ಸಿಗದಿರುವುದೇನು, ಕೊಳ್ಳುವ ಮುನ್ನ ತಿಳಿದಿರಬೇಕಾದದ್ದೇನು ಎಂಬ ವಿವರ ಇಲ್ಲಿದೆ.

ಅರ್ಧದಷ್ಟು ಜನರಿಗೆ ವ್ಯಾಯಾಮವಿಲ್ಲ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ಕಠಿಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಲ್ಲದೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಇರಬೇಕು. 2024ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಗಂಡಸರಲ್ಲಿ ಇದು ಶೇಕಡ 42ರಷ್ಟಾದರೆ ಹೆಂಗಸರಲ್ಲಿ ಶೇಕಡ 57.

ಗದ್ದೆ, ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಯಾವ ಹೆಡ್‌ಸೆಟ್ಟೂ ಬೇಡ. ಪ್ರಶ್ನೆ ಇರುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಹೊಲಿಗೆ ಯಂತ್ರದ ಮುಂದೆ, ಕಂಪ್ಯೂಟರ್ ಮುಂದೆ ಕೂರುವವರದ್ದು. ಬೆಳಗಿನ ನಡಿಗೆಗೆ ಹೊರಟರೆ ಊರವರ ಕಣ್ಣು ತಮ್ಮ ಮೇಲೆಯೇ ಇರುತ್ತದೆಂದು ಹಿಂಜರಿಯುವ ಹೆಂಗಸರದ್ದೂ ಹೌದು. ಬಾಗಿಲು ಮುಚ್ಚಿಕೊಂಡು, ಯಾರ ಕಣ್ಣಿಗೂ ಬೀಳದೆ, ಮಳೆಗಾಲದಲ್ಲೂ ಮೈ ಬೆವರಿಸಬಹುದು ಎಂಬುದೇ ಈ ಸಾಧನದ ನಿಜವಾದ ಆಕರ್ಷಣೆ.

ಆಟದಿಂದ ವ್ಯಾಯಾಮಕ್ಕೆ

ತಲೆಗೆ ತೊಡುವ ಪರದೆಯನ್ನು ಅಮೆರಿಕದ ಇವಾನ್ ಸದರ್‌ಲ್ಯಾಂಡ್ 1968ರಲ್ಲೇ ಮಾಡಿ ತೋರಿಸಿದ್ದರು. ಅದರ ಭಾರಕ್ಕೆ ಮಾಳಿಗೆಯಿಂದ ನೇತುಹಾಕಬೇಕಾಗಿತ್ತು. ಅದನ್ನು ತೊಟ್ಟು ಕುಣಿಯುವ ಮಾತೇ ಇರಲಿಲ್ಲ. ಮೈ ಆಡಿಸಿ ಆಡುವ ಆಟಗಳನ್ನು ಮನೆಮನೆಗೆ ತಂದದ್ದು ಜಪಾನಿನ ನಿಂಟೆಂಡೊ ಕಂಪನಿಯ ವೀ ಯಂತ್ರ, 2006ರಲ್ಲಿ. ಟೀವಿ ಮುಂದೆ ನಿಂತು ಕೈಯಲ್ಲಿನ ರಿಮೋಟ್ ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟ್ ಬೀಸುತ್ತಿತ್ತು. ಆವೇಶದಲ್ಲಿ ಕೈಜಾರಿದ ರಿಮೋಟ್ ಹಲವರ ಟೀವಿಗೇ ಬಡಿದು, ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿ ಮಣಿಕಟ್ಟಿನ ದಾರವನ್ನೇ ಬದಲಿಸಿಕೊಡಬೇಕಾಯಿತು.

ಈಗಿನ ಹೆಡ್‌ಸೆಟ್‌ಗಳ ಕಥೆ ಶುರುವಾಗುವುದು 2012ರಲ್ಲಿ. ಪಾಮರ್ ಲಕಿ ಎಂಬ ಅಮೆರಿಕದ ತರುಣ ಆಕ್ಯುಲಸ್ ರಿಫ್ಟ್ ಹೆಸರಿನ ಹೆಡ್‌ಸೆಟ್‌ಗಾಗಿ ಜನರಿಂದಲೇ ಹಣ ಸಂಗ್ರಹಿಸಿದರು. 2014ರಲ್ಲಿ ಫೇಸ್‌ಬುಕ್ (ಇಂದಿನ ಮೆಟಾ) ಆ ಕಂಪನಿಯನ್ನು ಕೊಂಡಿತು. 2016ರಲ್ಲಿ ಮಾರುಕಟ್ಟೆಗೆ ಬಂದ ರಿಫ್ಟ್ ಮತ್ತು ಎಚ್‌ಟಿಸಿ ವೈವ್‌ಗಳಿಗೆ ಬಲವಾದ ಕಂಪ್ಯೂಟರ್ ಬೇಕಿತ್ತು, ಉದ್ದನೆಯ ಕೇಬಲ್ ಕಾಲಿಗೆ ತೊಡರುತ್ತಿತ್ತು. 2019ರ ಮೇ ತಿಂಗಳಲ್ಲಿ ಬಂದ ಆಕ್ಯುಲಸ್ ಕ್ವೆಸ್ಟ್ ಕಂಪ್ಯೂಟರನ್ನು ಹೆಡ್‌ಸೆಟ್ಟಿನ ಒಳಗೇ ಇಟ್ಟು ಕೇಬಲ್ ಇಲ್ಲದಂತೆ ಮಾಡಿತು. ಮನೆಯ ವ್ಯಾಯಾಮಕ್ಕೆ ಬಾಗಿಲು ತೆರೆದದ್ದು ಇದೇ. 2020ರ ಅಕ್ಟೋಬರಿನಲ್ಲಿ 299 ಡಾಲರಿಗೆ ಕ್ವೆಸ್ಟ್ 2 ಬಂದಾಗ ಕೊರೋನಾದಿಂದ ಜಿಮ್‌ಗಳು ಮುಚ್ಚಿದ್ದವು. ಬೇಡಿಕೆ ತಾನಾಗಿ ಏರಿತು.

ಒಳಗಿನ ಕೆಲಸ ಹೀಗೆ: ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ತೋರಿಸುವುದರಿಂದ ಮೆದುಳಿಗೆ ಆಳದ ಭ್ರಮೆ ಹುಟ್ಟುತ್ತದೆ. ತಲೆ ಅಲ್ಲಾಡಿದ್ದನ್ನು ಒಳಗಿನ ಸಂವೇದಕಗಳು ಗುರುತಿಸುತ್ತವೆ. ಹೊರಗಿನ ಕ್ಯಾಮರಾಗಳು ಗೋಡೆ, ಮೇಜುಗಳನ್ನು ನೋಡುತ್ತ ತೊಟ್ಟವರು ಕೋಣೆಯಲ್ಲಿ ಎಲ್ಲಿದ್ದಾರೆ, ಕೈಯ ಹಿಡಿಕೆಗಳು ಎಲ್ಲಿವೆ ಎಂದು ಸೆಕೆಂಡಿಗೆ ಹತ್ತಾರು ಬಾರಿ ಲೆಕ್ಕ ಹಾಕುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೊಬೈಲ್ ಫೋನನ್ನೇ ಒಳಗಿಟ್ಟು ನೋಡುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. 2014ರಲ್ಲಿ ಗೂಗಲ್ ಹೊರತಂದ ರಟ್ಟಿನ ಕಾರ್ಡ್‌ಬೋರ್ಡ್ ಮಾದರಿಯವು ಇವು. ಇವಕ್ಕೂ ವಿ.ಆರ್. ಎಂದೇ ಹೆಸರು, ಆದರೆ ತಲೆ ತಿರುಗಿಸಿದ್ದು ಮಾತ್ರ ಇವಕ್ಕೆ ತಿಳಿಯುತ್ತದೆ. ಕುಕ್ಕರುಗಾಲಲ್ಲಿ ಕೂತದ್ದು, ಪಕ್ಕಕ್ಕೆ ಸರಿದದ್ದು, ಕೈ ಬೀಸಿದ್ದು ಯಾವುದೂ ತಿಳಿಯದು. ವ್ಯಾಯಾಮಕ್ಕೆಂದು ಇವನ್ನು ಕೊಂಡರೆ ದುಡ್ಡು ದಂಡ.

ಬೆವರಿನ ಲೆಕ್ಕ

ಶ್ರಮವನ್ನು ಅಳೆಯುವವರು ‘ಮೆಟ್’ ಎಂಬ ಮಾನ ಬಳಸುತ್ತಾರೆ. ಸುಮ್ಮನೆ ಕೂತಿರುವುದು 1 ಮೆಟ್. 3ರಿಂದ 6ರ ಒಳಗಿನದು ಮಧ್ಯಮ ಶ್ರಮ, 6 ದಾಟಿದರೆ ಕಠಿಣ. ಬಿರುಸಿನ ನಡಿಗೆ ಸುಮಾರು 4ರ ಆಸುಪಾಸು. ವಿ.ಆರ್. ಆಟಗಳಿಗೆ ಇದೇ ಅಳತೆ ಹಚ್ಚಲು 2017ರಲ್ಲಿ ಅಮೆರಿಕದಲ್ಲಿ ಒಂದು ಸಂಸ್ಥೆಯೇ ಹುಟ್ಟಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರ ನೆರವಿನಿಂದ, ಆಡುವವರ ಮುಖಕ್ಕೆ ಮುಖವಾಡ ತೊಡಿಸಿ, ಅವರು ಎಷ್ಟು ಆಮ್ಲಜನಕ ಬಳಸುತ್ತಾರೆಂದು ಅಳೆದರು. ಬೀಟ್ ಸೇಬರ್ ಆಟವನ್ನು ಟೆನಿಸ್‌ಗೂ, ಥ್ರಿಲ್ ಆಫ್ ದಿ ಫೈಟ್ ಎಂಬ ಮುಷ್ಟಿಯುದ್ಧದ ಆಟವನ್ನು ದೋಣಿ ಹುಟ್ಟುಹಾಕುವ ಶ್ರಮಕ್ಕೂ ಹೋಲಿಸಲಾಯಿತು.

ಬೀಟ್ ಸೇಬರ್ 2018ರ ಮೇ ತಿಂಗಳಲ್ಲಿ ಜೆಕ್ ದೇಶದ ಸಣ್ಣ ತಂಡವೊಂದು ಹೊರತಂದ ಆಟ. ಹಾಡಿನ ತಾಳಕ್ಕೆ ಕೆಂಪು, ನೀಲಿ ಚೌಕಗಳು ಎದುರಿನಿಂದ ತೇಲಿ ಬರುತ್ತವೆ. ಬಾಣದ ಗುರುತು ತೋರಿಸುವ ದಿಕ್ಕಿಗೆ ಎರಡೂ ಕೈಯ ಬೆಳಕಿನ ಕತ್ತಿಗಳಿಂದ ಅವನ್ನು ಕಡಿಯಬೇಕು. ಗೋಡೆ ಅಡ್ಡ ಬಂದರೆ ಬಗ್ಗಬೇಕು. ಇದರಲ್ಲಿ ಭಾಷೆಯ ತೊಡಕಿಲ್ಲ, ತಾಳ ತಿಳಿದರೆ ಸಾಕು.

ಆದರೆ ಹೋಲಿಕೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಬೀಟ್ ಸೇಬರಿನಲ್ಲಿ ಪಳಗಿದವರು ಭುಜವನ್ನೇ ಎತ್ತದೆ, ಮಣಿಕಟ್ಟನ್ನಷ್ಟೇ ತಿರುವಿ ಚೌಕಗಳನ್ನು ಕಡಿಯುವುದನ್ನು ಕಲಿತುಬಿಡುತ್ತಾರೆ. ಅಂಕ ಏರುತ್ತದೆ, ಬೆವರು ಇಳಿಯುತ್ತದೆ! ಆಟ ಚೆನ್ನಾಗಿ ಬಂದಷ್ಟೂ ವ್ಯಾಯಾಮ ಕಡಿಮೆಯಾಗುವ ವಿಚಿತ್ರ ಇದು. ಮುಷ್ಟಿಯುದ್ಧದ ಆಟಗಳಲ್ಲಿ ಈ ಕಳ್ಳದಾರಿ ಕಡಿಮೆ, ಏಕೆಂದರೆ ಎದುರಾಳಿಗೆ ಪೆಟ್ಟು ತಾಗಬೇಕಾದರೆ ಸೊಂಟ, ಕಾಲು ಎಲ್ಲವೂ ಸೇರಿ ಗುದ್ದಬೇಕು. ಹಾಗಾಗಿ ಆಟ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಾಲನ್ನು ದುಡಿಸುತ್ತದೆಯೇ? ದೇಹದ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಪೃಷ್ಠದಲ್ಲಿ. ಅವು ಅಲ್ಲಾಡದೆ ಎದೆಬಡಿತ ಹೆಚ್ಚು ಹೊತ್ತು ಏರಿ ನಿಲ್ಲದು.

ಹೆಡ್‌ಸೆಟ್ ತೋರಿಸುವ ಕ್ಯಾಲೊರಿ ಸಂಖ್ಯೆ ತಲೆ ಮತ್ತು ಕೈಗಳ ಚಲನೆಯಿಂದ ಮಾಡಿದ ಅಂದಾಜು ಮಾತ್ರ. ಅದಕ್ಕಿಂತ ಮಾತಿನ ಪರೀಕ್ಷೆ ಹೆಚ್ಚು ನಂಬಿಕಸ್ತ: ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ನಾಡಿ ಎಣಿಸುವವರು 220ರಿಂದ ವಯಸ್ಸು ಕಳೆದರೆ ಎದೆಬಡಿತದ ಗರಿಷ್ಠ ಮಿತಿ ಸರಿಸುಮಾರಾಗಿ ಸಿಗುತ್ತದೆ. 40 ವರ್ಷದವರಿಗೆ ಅದು 180. ಮಧ್ಯಮ ಶ್ರಮದಲ್ಲಿ ನಾಡಿ 90ರಿಂದ 126ರವರೆಗೆ ಇರಬಹುದು.

ದಣಿವು ಮರೆಸುವ ಗುಟ್ಟು

ವಿ.ಆರ್. ನಿಜವಾಗಿ ಬೇರೆಯಾಗುವುದು ಇಲ್ಲಿ. ಓಡುವ ಯಂತ್ರದ ಮೇಲೆ ನಿಂತವರು ಗಡಿಯಾರ ನೋಡುತ್ತಾರೆ, ಹೆಡ್‌ಸೆಟ್ ತೊಟ್ಟವರಿಗೆ ಗಡಿಯಾರವೇ ಕಾಣುವುದಿಲ್ಲ. ಎದುರಿನಿಂದ ಬರುವ ಗುರಿಗಳ ಕಡೆಗೇ ಗಮನ ಹರಿಯುವುದರಿಂದ ದಣಿವಿನ ಸುದ್ದಿ ಮೆದುಳಿಗೆ ತಡವಾಗಿ ಮುಟ್ಟುತ್ತದೆ. ವೈದ್ಯರು ಇದನ್ನು ಮೊದಲೇ ಬಳಸಿದ್ದರು. ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ 1996ರಿಂದ ಸುಟ್ಟಗಾಯದ ರೋಗಿಗಳಿಗೆ ಗಾಯ ತೊಳೆಯುವ ಹೊತ್ತಿನಲ್ಲಿ ವಿ.ಆರ್. ತೊಡಿಸತೊಡಗಿದರು. ಮುಂದೆ ಅದಕ್ಕೆಂದೇ ಹಿಮದ ಕಣಿವೆಯ ಸ್ನೋವರ್ಲ್ಡ್ ಎಂಬ ಆಟ ಸಿದ್ಧವಾಯಿತು. ಹಿಮದ ಉಂಡೆ ಎಸೆಯುತ್ತ ಕೂತ ರೋಗಿಗಳಿಗೆ ನೋವು ಕಡಿಮೆ ಅನಿಸುತ್ತಿತ್ತು.

ನೋವು ಮರೆಸುವುದು ಆಸ್ಪತ್ರೆಯಲ್ಲಿ ವರ, ಮನೆಯಲ್ಲಿ ಅದೇ ಅಪಾಯವೂ ಆಗಬಹುದು. ಹೊಸಬರು ಮೊದಲ ದಿನವೇ ಗಂಟೆಗಟ್ಟಲೆ ಆಡಿ, ಮರುದಿನ ಭುಜ ಎತ್ತಲಾಗದೆ ಮಲಗುತ್ತಾರೆ. ಗಾಳಿಗೆ ಗುದ್ದುವಾಗ ಮೊಣಕೈಯನ್ನು ಪೂರ್ತಿ ನೀಡಿ ಜಾಡಿಸಿದರೆ ಕೀಲಿಗೆ ಏಟು. ಕೈಗೆ ಭಾರ ಕಟ್ಟಿಕೊಂಡು ಬೀಸುವುದು ಇನ್ನೂ ಕೆಟ್ಟದ್ದು. ಮೊದಲ ವಾರ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಹೆಡ್‌ಸೆಟ್ ತೆಗೆದಿಡಬೇಕೆಂದು ತಯಾರಕರೇ ಹೇಳುತ್ತಾರೆ.

ಇನ್ನು ಕೈಯಲ್ಲಿ ಭಾರವೇ ಇಲ್ಲದ ಕಾರಣ ಸ್ನಾಯುಬಲ ಇದರಿಂದ ಹೆಚ್ಚು ಬೆಳೆಯದು. ವಾರದ ಆ ಎರಡು ದಿನಗಳಿಗೆ ಬಸ್ಕಿ, ದಂಡ, ನೀರು ತುಂಬಿದ ಕೊಡ ಇವೇ ಬೇಕು.

ಸೂಪರ್‌ನ್ಯಾಚುರಲ್ ಕಲಿಸಿದ್ದು

ವ್ಯಾಯಾಮಕ್ಕೆಂದೇ ಮಾಡಿದ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಸೂಪರ್‌ನ್ಯಾಚುರಲ್. ಅಮೆರಿಕದ ವಿದಿನ್ ಕಂಪನಿ 2020ರ ಏಪ್ರಿಲ್‌ನಲ್ಲಿ ಇದನ್ನು ಆರಂಭಿಸಿತು. ಬೆಟ್ಟ, ಸರೋವರಗಳ ನಿಜವಾದ ಚಿತ್ರದ ನಡುವೆ ನಿಂತು ಗುಂಡುಗಳನ್ನು ಹೊಡೆಯಬೇಕು, ತ್ರಿಕೋನ ಬಂದಾಗ ಬಸ್ಕಿ ಹೊಡೆಯಬೇಕು. ತರಬೇತುದಾರರು ಇಂಗ್ಲಿಷ್‌ನಲ್ಲಿ ಹುರಿದುಂಬಿಸುತ್ತಿರುತ್ತಾರೆ. ತಿಂಗಳ ಚಂದಾ ಕಟ್ಟಬೇಕಿತ್ತು. ವಿದಿನ್ ಅನ್ನು ಮೆಟಾ ಕೊಳ್ಳಹೊರಟಾಗ ಅಮೆರಿಕ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ 2022ರ ಜುಲೈಯಲ್ಲಿ ದಾವೆ ಹೂಡಿತು. ವಿ.ಆರ್. ವ್ಯಾಯಾಮವೇ ಒಂದು ಪ್ರತ್ಯೇಕ ಮಾರುಕಟ್ಟೆ ಎಂಬ ವಾದವನ್ನು ನ್ಯಾಯಾಧೀಶ ಎಡ್ವರ್ಡ್ ಡವೀಲಾ ಒಪ್ಪಿದರೂ, 2023ರ ಜನವರಿ ಕೊನೆಗೆ ಖರೀದಿಗೆ ತಡೆ ನೀಡಲು ನಿರಾಕರಿಸಿದರು. ಫೆಬ್ರವರಿಯಲ್ಲಿ ಖರೀದಿ ಮುಗಿಯಿತು. ಮೂರು ವರ್ಷ ತುಂಬುವ ಮೊದಲೇ, 2026ರ ಜನವರಿಯಲ್ಲಿ, ಹೊಸ ಪಾಠಗಳನ್ನು ಸೇರಿಸುವುದನ್ನು ನಿಲ್ಲಿಸಲಾಗುವುದೆಂದು ಚಂದಾದಾರರಿಗೆ ತಿಳಿಸಲಾಯಿತು.

ಇದರಲ್ಲಿ ದೂರದ ಕೊಳ್ಳುಗರಿಗೂ ಪಾಠವಿದೆ. ಚಂದಾ ಕಟ್ಟಿ ನಡೆಸುವ ವ್ಯಾಯಾಮ ಕಂಪನಿಯ ಮರ್ಜಿಯ ಮೇಲೆ ನಿಂತಿರುತ್ತದೆ. ಒಮ್ಮೆ ದುಡ್ಡು ಕೊಟ್ಟು ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆಯೂ ಆಡಬಹುದಾದ ಬೀಟ್ ಸೇಬರಿನಂಥದ್ದು ಹೆಚ್ಚು ಬಾಳುತ್ತದೆ. ಸಿಗ್ನಲ್ ಹೋಗಿಬರುವ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಬೆಲೆಯ ವಿಷಯಕ್ಕೆ ಬಂದರೆ, 2024ರಲ್ಲಿ ಬಂದ ಕ್ವೆಸ್ಟ್ 3ಎಸ್ ಅಮೆರಿಕದಲ್ಲಿ 300 ಡಾಲರಿಗೆ ಬಿಡುಗಡೆಯಾಯಿತು. ಹೊರದೇಶದಿಂದ ತರಿಸಿದರೆ ಸುಂಕವೂ ಸೇರುತ್ತದೆ, ಕೆಟ್ಟರೆ ರಿಪೇರಿ ಯಾರು ಮಾಡಿಕೊಡುತ್ತಾರೆಂದು ಮೊದಲೇ ವಿಚಾರಿಸಬೇಕು. ಬರೀ ಬೆವರು ಸಾಕೆನ್ನುವವರಿಗೆ ಸ್ಕಿಪ್ಪಿಂಗ್ ಹಗ್ಗ ನೂರರಲ್ಲಿ ಒಂದು ಪಾಲಿನ ಬೆಲೆಗೆ ಸಿಗುತ್ತದೆ. ಹಗ್ಗ ತಂದು ಮೊಳೆಗೆ ನೇತುಹಾಕಿ ಮರೆತವರಿಗೆ ಮಾತ್ರ ಹೆಡ್‌ಸೆಟ್ಟಿನ ಖರ್ಚು ಸಾರ್ಥಕವಾದೀತು.

ಜಾಗ, ಬೆವರು, ಬಿಸಿಲು

ಸುತ್ತಲೂ ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲದ ಖಾಲಿ ಜಾಗ ಬೇಕು. ಆಟಕ್ಕೆ ಮೊದಲು ನೆಲದ ಮೇಲೆ ಗೆರೆ ಹಾಕಿಕೊಟ್ಟರೆ, ಗಡಿ ಹತ್ತಿರವಾದಾಗ ಹೆಡ್‌ಸೆಟ್ ಬಲೆಯಂಥ ಗೋಡೆ ತೋರಿಸಿ ಎಚ್ಚರಿಸುತ್ತದೆ. ಆದರೆ ಮೇಲಿರುವುದರ ಬಗ್ಗೆ ಅದು ಎಚ್ಚರಿಸುತ್ತದೆಂದು ನಂಬಿ ಕೂರುವಂತಿಲ್ಲ. ತಗ್ಗು ಮಾಡಿನ ಮನೆಗಳಲ್ಲಿ ಸೀಲಿಂಗ್ ಫ್ಯಾನಿನ ಕೆಳಗೆ ನಿಂತು ಕೈ ಎತ್ತುವುದು ದೊಡ್ಡ ಅಪಾಯ. ಕಾಲ ಕೆಳಗೆ ಸಣ್ಣ ಚಾಪೆ ಹಾಸಿಕೊಂಡರೆ ನಡುವಿನಿಂದ ಸರಿದದ್ದು ಪಾದಕ್ಕೆ ತಿಳಿಯುತ್ತದೆ. ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಸೆಕೆಯೂ ಕಡಿಮೆ, ಮುಖ ಯಾವ ದಿಕ್ಕಿಗಿದೆಯೆಂದು ಗಾಳಿಯಿಂದಲೇ ಗೊತ್ತಾಗುತ್ತದೆ. ಚಿಕ್ಕ ಮಕ್ಕಳು ಕೋಣೆಯೊಳಗೆ ಓಡಿ ಬರದಂತೆ ಬಾಗಿಲು ಹಾಕಿರಬೇಕು.

ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಣ್ಣು ‘ಓಡುತ್ತಿದ್ದೇನೆ’ ಎಂದರೆ ಕಿವಿಯೊಳಗಿನ ಸಮತೋಲದ ಅಂಗ ‘ನಿಂತಿದ್ದೇನೆ’ ಎನ್ನುವುದೇ ಕಾರಣ. ಘಾಟಿ ರಸ್ತೆಯ ಬಸ್ಸಿನಲ್ಲಾಗುವ ಸಂಕಟವೇ ಇದು, ಕಾರಣ ಮಾತ್ರ ತಿರುಗುಮುರುಗು. ನಿಂತ ಜಾಗದಲ್ಲೇ ಆಡುವ ಆಟಗಳಲ್ಲಿ ಈ ತೊಂದರೆ ಕಡಿಮೆ. ಮೂರ್ಛೆರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಹೃದಯದ ತೊಂದರೆ ಉಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೊಡಬಾರದು. ಬಿದ್ದಾರೆಂಬ ಭಯವಿರುವ ಹಿರಿಯರಿಗೆ ಕುರ್ಚಿಯಲ್ಲಿ ಕೂತು ಆಡುವ ಆಟಗಳಿವೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕ್ವೆಸ್ಟ್ ಅಲ್ಲವೆಂದು ಮೆಟಾ ಹೇಳಿದೆ.

ಅರ್ಧ ಕಿಲೋ ತೂಕದ ಈ ಪೆಟ್ಟಿಗೆಯ ಭಾರವೆಲ್ಲ ಮುಖದ ಕಡೆಗೇ ಇರುವುದರಿಂದ ಪಟ್ಟಿ ಸರಿಯಾಗಿ ಹೊಂದಿಸದಿದ್ದರೆ ಕುತ್ತಿಗೆ ನೋಯುತ್ತದೆ. ಮುಖಕ್ಕೆ ತಾಗುವ ಸ್ಪಂಜು ಬೆವರು ಹೀರಿಕೊಳ್ಳುತ್ತದೆ. ಕ್ವೆಸ್ಟ್ 2ರ ಸ್ಪಂಜಿನಿಂದ ಕೆಲವರ ಚರ್ಮ ಕೆಂಪಾಗಿ ತುರಿಸಿದ ದೂರುಗಳು ಬಂದು, 2021ರ ಜುಲೈಯಲ್ಲಿ ಕಂಪನಿ ಸಿಲಿಕಾನ್ ಹೊದಿಕೆಯನ್ನು ಉಚಿತವಾಗಿ ಹಂಚಿತ್ತು. ಮನೆಮಂದಿಯೆಲ್ಲ ಒಂದನ್ನೇ ತೊಡುವುದಾದರೆ ಒರೆಸಬಹುದಾದ ಇಂಥ ಹೊದಿಕೆ ಇರಲೇಬೇಕು. ಒದ್ದೆಯಾದ ಹೆಡ್‌ಸೆಟ್ಟನ್ನು ಬಟ್ಟೆಯಂತೆ ಅಂಗಳದ ಬಿಸಿಲಿಗೆ ಇಟ್ಟರೆ ಮಾತ್ರ ಕೆಲಸ ಕೆಟ್ಟಿತು: ಒಳಗಿನ ಮಸೂರಗಳು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ, ಕೆಲವೇ ನಿಮಿಷಗಳಲ್ಲಿ ಹಿಂದಿನ ಪರದೆಯನ್ನು ಸುಟ್ಟುಬಿಡುತ್ತವೆ. ಹೊದಿಕೆಯನ್ನು ಬಿಚ್ಚಿ ಅದನ್ನಷ್ಟೇ ಒಣಗಿಸಿ, ಹೆಡ್‌ಸೆಟ್ಟನ್ನು ನೆರಳಿನಲ್ಲಿ ಮಸೂರ ಕೆಳಮುಖವಾಗಿರುವಂತೆ ಇಡಬೇಕು.